ಹವ್ಯಾಸಿ ಬಾನುಲಿ: ಅನಲಾಗ್ ದಾರಿ, ಡಿಜಿಟಲ್ ದಾರಿ

1935ರ ಸೆಪ್ಟೆಂಬರ್ 10ರಂದು ಮೈಸೂರಿನ ‘ವಿಠ್ಠಲ ವಿಹಾರ’ ಎಂಬ ಮನೆಯಿಂದ ಬಾನುಲಿ ಪ್ರಸಾರವೊಂದು ಆರಂಭವಾಯಿತು. ಮನೆಯ ಯಜಮಾನರು ಡಾ. ಎಂ. ವಿ. ಗೋಪಾಲಸ್ವಾಮಿ. ಅವರು ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಎಂಜಿನಿಯರೂ ಅಲ್ಲ, ಭೌತವಿಜ್ಞಾನಿಯೂ ಅಲ್ಲ. ಅವರ ಪ್ರೇಷಕದ ಸಾಮರ್ಥ್ಯ ಸುಮಾರು 30 ವ್ಯಾಟ್. ನಮ್ಮ ಮನೆಗಳಲ್ಲಿ ಉರಿಯುತ್ತಿದ್ದ ಹಳೆಯ ಟ್ಯೂಬ್‌ಲೈಟಿಗೂ ಅದಕ್ಕಿಂತ ಹೆಚ್ಚು ವಿದ್ಯುತ್ ಬೇಕಾಗುತ್ತಿತ್ತು. ಆ ಕೇಂದ್ರಕ್ಕೆ ಅಂಟಿದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. 1942ರಲ್ಲಿ ಮೈಸೂರು ಸಂಸ್ಥಾನ ಕೇಂದ್ರವನ್ನು ವಹಿಸಿಕೊಂಡಿತು, 1955ರಲ್ಲಿ ಅದು ಬೆಂಗಳೂರಿಗೆ ಸ್ಥಳಾಂತರವಾಯಿತು.

ಹೆಸರಿನ ಕಥೆಯನ್ನು ನಾವೆಲ್ಲ ಬಹಳ ಸಲ ಕೇಳಿದ್ದೇವೆ. ಅದರ ಹಿಂದಿರುವ ತಾಂತ್ರಿಕ ಪ್ರಶ್ನೆಯನ್ನು ಕೇಳಿದವರು ಕಡಿಮೆ. ಮನಶ್ಶಾಸ್ತ್ರದ ಪ್ರಾಧ್ಯಾಪಕರೊಬ್ಬರು ತಮ್ಮ ಮನೆಯಿಂದ, ಇಷ್ಟು ಅಲ್ಪ ಶಕ್ತಿಯಿಂದ, ಒಂದು ಊರಿಗೆ ಕೇಳಿಸುವಂತೆ ಪ್ರಸಾರ ಮಾಡಲು ಹೇಗೆ ಸಾಧ್ಯವಾಯಿತು? ಉತ್ತರದ ಅರ್ಧ ಭಾಗ ಪ್ರೇಷಕದಲ್ಲಿದೆ. ಇನ್ನರ್ಧ, ನನ್ನ ಅಭಿಪ್ರಾಯದಲ್ಲಿ ಹೆಚ್ಚು ಮುಖ್ಯವಾದ ಅರ್ಧ, ಕೇಳುಗರ ಗ್ರಾಹಕದಲ್ಲಿದೆ. ಇಂದು ಅನಲಾಗ್ ಮತ್ತು ಡಿಜಿಟಲ್ ಪ್ರಸಾರಗಳನ್ನು ಹೋಲಿಸುವಾಗ ನಾವು ಮರೆಯುವುದು ಈ ಎರಡನೆಯ ಅರ್ಧವನ್ನೇ.

ಆ ಕಾಲದಲ್ಲಿ ಧ್ವನಿಪ್ರಸಾರವೆಂದರೆ ಪಾರ ಮಾಡ್ಯುಲನ, ಅಂದರೆ ಎ.ಎಂ. ನಿಯತ ಆವೃತ್ತಿಯ ವಾಹಕ ತರಂಗವೊಂದನ್ನು ತೆಗೆದುಕೊಂಡು, ಧ್ವನಿಯ ಏರಿಳಿತಕ್ಕೆ ತಕ್ಕಂತೆ ಅದರ ಪಾರವನ್ನು ಹೆಚ್ಚು ಕಡಿಮೆ ಮಾಡುವುದು. ಇಲ್ಲಿ ಧ್ವನಿಯ ಆಕಾರವು ತರಂಗದ ಮೈಮೇಲೆಯೇ ಬರೆದಿರುತ್ತದೆ. ಅದನ್ನು ಓದಲು ಬೇಕಾದುದು ಪ್ರವಾಹವನ್ನು ಒಂದೇ ದಿಕ್ಕಿನಲ್ಲಿ ಬಿಡುವ ಒಂದು ಸಾಧನ ಮಾತ್ರ. ಸೀಸದ ಅದಿರಾದ ಗೆಲೀನಾ ಹರಳಿಗೆ ಸೂಜಿಯಂಥ ತಂತಿ ತಾಗಿಸಿದರೆ ಅಂಥ ಸಾಧನ ಸಿದ್ಧ. ಈ ಹರಳಿನ ಪತ್ತೆಕಾರಿಗೆ 1901ರಲ್ಲಿ ಅರ್ಜಿ ಹಾಕಿ 1904ರಲ್ಲಿ ಅಮೆರಿಕದ ಪೇಟೆಂಟ್ ಪಡೆದವರು ನಮ್ಮ ಜಗದೀಶಚಂದ್ರ ಬೋಸ್. ಒಂದು ತಂತಿಸುರುಳಿ, ಒಂದು ಧಾರಕ, ಒಂದು ಹರಳು, ಕಿವಿಗೆ ಹಚ್ಚುವ ಹೆಡ್‌ಫೋನ್ ಇಷ್ಟಿದ್ದರೆ ರೇಡಿಯೋ ಆಯಿತು. ಬ್ಯಾಟರಿಯೂ ಬೇಡ, ಪ್ರೇಷಕ ಕಳಿಸಿದ ಶಕ್ತಿಯೇ ಕಿವಿಯಲ್ಲಿ ಸದ್ದಾಗುತ್ತದೆ.

ಅಮೆರಿಕದ ಪಿಟ್ಸ್‌ಬರ್ಗ್ ಬಳಿಯ ವಿಲ್ಕಿನ್ಸ್‌ಬರ್ಗ್‌ನಲ್ಲಿ ಫ್ರಾಂಕ್ ಕಾನ್ರಾಡ್ ಎಂಬ ವೆಸ್ಟಿಂಗ್‌ಹೌಸ್ ಕಂಪನಿಯ ಎಂಜಿನಿಯರ್ ತಮ್ಮ ಮನೆಯ ಗ್ಯಾರೇಜಿನಿಂದ ಹವ್ಯಾಸಕ್ಕಾಗಿ ಗ್ರಾಮಫೋನ್ ಸಂಗೀತ ಪ್ರಸಾರ ಮಾಡುತ್ತಿದ್ದರು. 1920ರ ಸೆಪ್ಟೆಂಬರ್‌ನಲ್ಲಿ ಪಿಟ್ಸ್‌ಬರ್ಗ್‌ನ ಅಂಗಡಿಯೊಂದು ಈ ಪ್ರಸಾರ ಕೇಳಲು 10 ಡಾಲರಿನಿಂದ ಆರಂಭವಾಗುವ ಗ್ರಾಹಕಗಳು ಲಭ್ಯವೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತು. ಕಂಪನಿಯ ಕಣ್ಣು ತೆರೆಸಿದ್ದು ಕಾನ್ರಾಡ್ ಅವರ ಪ್ರೇಷಕವಲ್ಲ, ಈ ಜಾಹೀರಾತು. ಅದೇ ವರ್ಷದ ನವೆಂಬರ್ 2ರಂದು ಕೆಡಿಕೆಎ ಕೇಂದ್ರ ಅಧ್ಯಕ್ಷೀಯ ಚುನಾವಣೆಯ ಫಲಿತಾಂಶದೊಂದಿಗೆ ಪ್ರಸಾರ ಆರಂಭಿಸಿತು. ಹವ್ಯಾಸಿಯ ಗ್ಯಾರೇಜಿನಿಂದ ಒಂದು ಉದ್ಯಮವೇ ಹುಟ್ಟಿತು. ಹುಟ್ಟಿದ ಕೂಡಲೇ ಅದು ಹವ್ಯಾಸಿಯನ್ನು ಹೊರಗೆ ಹಾಕಿತು ಎನ್ನಬೇಕು. 1922ರ ಜನವರಿಯಲ್ಲಿ ಅಮೆರಿಕ ಸರ್ಕಾರ ಹವ್ಯಾಸಿಗಳು ಸಂಗೀತ, ಭಾಷಣ ಇತ್ಯಾದಿಗಳನ್ನು ಸಾರ್ವಜನಿಕರಿಗೆ ಪ್ರಸಾರ ಮಾಡುವುದನ್ನು ನಿಷೇಧಿಸಿತು. ನಮ್ಮಲ್ಲಿಯೂ ಆರಂಭ ಹವ್ಯಾಸಿಗಳದೇ. 1924ರಲ್ಲಿ ಮದರಾಸು ಪ್ರೆಸಿಡೆನ್ಸಿ ರೇಡಿಯೋ ಕ್ಲಬ್ ಪ್ರಸಾರ ನಡೆಸಿತು, ಹಣವಿಲ್ಲದೆ 1927ರಲ್ಲಿ ನಿಲ್ಲಿಸಿತು.

ಬಾಗಿಲು ಪೂರ್ತಿ ಮುಚ್ಚಲಿಲ್ಲ, ಕಿಟಕಿಯೊಂದು ಉಳಿಯಿತು. ತೀರ ಅಲ್ಪ ಶಕ್ತಿಯ ಸಾಧನಗಳಿಗೆ ಪರವಾನಗಿ ಬೇಡವೆಂಬ ನಿಯಮವನ್ನು ಅಮೆರಿಕ 1938ರಲ್ಲಿ ಮಾಡಿತು. ಅದರ ಇಂದಿನ ರೂಪವೇ ‘ಭಾಗ 15’ ಎಂದು ಹೆಸರಾದ ನಿಯಮಾವಳಿ. ಮಧ್ಯಮ ತರಂಗ ಪಟ್ಟಿಯಲ್ಲಿ ಅಂತಿಮ ಹಂತಕ್ಕೆ ಊಡುವ ಶಕ್ತಿ 100 ಮಿಲಿವ್ಯಾಟ್ ಮೀರಬಾರದು; ಆಂಟೆನಾ, ಅದಕ್ಕೆ ಹೋಗುವ ತಂತಿ, ಭೂಸಂಪರ್ಕದ ತಂತಿ ಎಲ್ಲ ಸೇರಿ 3 ಮೀಟರ್ ಮೀರಬಾರದು. ಉದಾರವಾದ ನಿಯಮವೆನಿಸುತ್ತದೆ. ಭೌತವಿಜ್ಞಾನ ಅಷ್ಟು ಉದಾರಿಯಲ್ಲ.

ಲೆಕ್ಕ ಹಾಕಿ ನೋಡೋಣ. 1000 ಕಿಲೋಹರ್ಟ್ಸ್ ಆವೃತ್ತಿಯ ತರಂಗದೂರ 300 ಮೀಟರ್. ದಕ್ಷವಾಗಿ ವಿಕಿರಣ ಹೊಮ್ಮಿಸಲು ಅದರ ಕಾಲು ಭಾಗ, ಅಂದರೆ 75 ಮೀಟರ್ ಎತ್ತರದ ಕಂಬ ಬೇಕು. ನಮ್ಮ ಹವ್ಯಾಸಿಯ ಬಳಿ ಇರುವುದು ತರಂಗದೂರದ ನೂರನೆಯ ಒಂದು ಭಾಗ. ಇಂಥ ಗಿಡ್ಡ ಆಂಟೆನಾದ ವಿಕಿರಣ ರೋಧ ಸುಮಾರು 0.04 ಓಮ್ ಮಾತ್ರ. ಸುರುಳಿ ಮತ್ತು ನೆಲದಲ್ಲಿ ಶಾಖವಾಗಿ ಹೋಗುವ ನಷ್ಟಕ್ಕೆ ಕಾರಣವಾದ ರೋಧ 20 ಓಮ್ ಎಂದು ಹಿಡಿದರೂ, ಊಡಿದ ಶಕ್ತಿಯಲ್ಲಿ ಆಕಾಶಕ್ಕೆ ಹೋಗುವುದು 500ರಲ್ಲಿ ಒಂದು ಪಾಲು. 100 ಮಿಲಿವ್ಯಾಟ್ ಕೊಟ್ಟರೆ ಹೊರಡುವುದು 0.2 ಮಿಲಿವ್ಯಾಟ್! ಇಷ್ಟಾದರೂ ಒಂದೆರಡು ಬೀದಿಗಳ ಆಚೆ ಸಾಧಾರಣ ಟ್ರಾನ್ಸಿಸ್ಟರ್ ರೇಡಿಯೋದಲ್ಲಿ ಮಾತು ಕೇಳಿಸುತ್ತದೆ.

ಇಷ್ಟು ಕಡಿಮೆ ಶಕ್ತಿಯಲ್ಲಿಯೂ ಎ.ಎಂ. ದುಂದುಗಾರ. ಪೂರ್ಣ ಮಾಡ್ಯುಲನದಲ್ಲಿಯೂ ಒಟ್ಟು ಶಕ್ತಿಯ ಮೂರನೆಯ ಎರಡು ಭಾಗ ವಾಹಕ ತರಂಗದಲ್ಲಿಯೇ ಇರುತ್ತದೆ. ವಾಹಕದಲ್ಲಿ ಮಾಹಿತಿ ಏನೂ ಇಲ್ಲ. ಧ್ವನಿಯೆಲ್ಲ ಇರುವುದು ಅದರ ಎರಡು ಬದಿಯ ಪಕ್ಕಪಟ್ಟಿಗಳಲ್ಲಿ, ಅದೂ ಒಂದರಲ್ಲಿ ಇರುವುದೇ ಇನ್ನೊಂದರಲ್ಲಿ. ಹಾಗಾದರೆ ವಾಹಕವನ್ನು ಕಳಿಸುವುದೇಕೆ? ಕೇಳುಗನ ಗ್ರಾಹಕ ಸರಳವಾಗಿರಲಿ ಎಂದು. ಸಾವಿರ ಮನೆಗಳಲ್ಲಿ ಆಗಬೇಕಾದ ಖರ್ಚನ್ನು ಪ್ರೇಷಕ ಒಬ್ಬನೇ ಹೊರುವ ವ್ಯವಸ್ಥೆ ಇದು.

ಡಿಜಿಟಲ್ ಪ್ರಸಾರ ಈ ಒಪ್ಪಂದವನ್ನು ತಿರುವುಮುರುವು ಮಾಡಿತು. ಧ್ವನಿಯನ್ನು ಸಂಖ್ಯೆಗಳಾಗಿಸಿ, ನಮ್ಮ ಕಿವಿಗೆ ಗೊತ್ತಾಗದ ಭಾಗಗಳನ್ನು ಬಿಟ್ಟು ಸಂಕೋಚಿಸಿ, ದೋಷ ತಿದ್ದುವ ಬಿಟ್‌ಗಳನ್ನು ಸೇರಿಸಿ, ಎಲ್ಲವನ್ನೂ ಒತ್ತೊತ್ತಾಗಿ ನಿಂತ ಸುಮಾರು 200 ಉಪವಾಹಕಗಳ ಮೇಲೆ ಹಂಚಿ ಕಳಿಸುವ ವಿಧಾನ ಡಿಆರ್‌ಎಂ, ಅಂದರೆ ಡಿಜಿಟಲ್ ರೇಡಿಯೋ ಮಾಂಡಿಯಲ್. ಇದರ ಒಕ್ಕೂಟ 1998ರಲ್ಲಿ ರೂಪುಗೊಂಡಿತು. 2003ರ ಜೂನ್ 16ರಂದು ಜಿನೀವಾದಲ್ಲಿ ನಿಯತ ಪ್ರಸಾರಗಳಿಗೆ ಚಾಲನೆ ದೊರೆಯಿತು. ಅಮೆರಿಕ 2002ರಲ್ಲಿ ಬೇರೊಂದು ವಿಧಾನವನ್ನು, ಎಚ್‌ಡಿ ರೇಡಿಯೋವನ್ನು, ಒಪ್ಪಿಕೊಂಡಿತು. ಎ.ಎಂ. ಕೇಂದ್ರಗಳು ಅನಲಾಗ್ ಬಿಟ್ಟು ಪೂರ್ತಿ ಡಿಜಿಟಲ್ ಆಗಬಹುದೆಂದು ಅಲ್ಲಿ ಅನುಮತಿ ಸಿಕ್ಕಿದ್ದು 2020ರಲ್ಲಿ.

ಕಾಗದದ ಮೇಲೆ ನೋಡಿದರೆ ಬಡ ಪ್ರೇಷಕನಿಗೆ ಇದಕ್ಕಿಂತ ಒಳ್ಳೆಯ ಗೆಳೆಯನಿಲ್ಲ. 1948ರಲ್ಲಿ ಕ್ಲಾಡ್ ಶಾನನ್ ತೋರಿಸಿದ ಸೂತ್ರದ ಪ್ರಕಾರ 10 ಕಿಲೋಹರ್ಟ್ಸ್ ಅಗಲದ ಪಟ್ಟಿಯಲ್ಲಿ, ಸಂಜ್ಞೆಯು ಗದ್ದಲದ 30 ಪಟ್ಟು ಇದ್ದರೆ, ಸೆಕೆಂಡಿಗೆ ಸುಮಾರು 50 ಕಿಲೋಬಿಟ್ ಕಳಿಸಬಹುದು. ಡಿಆರ್‌ಎಂ ಅದರಲ್ಲಿ 20 ಕಿಲೋಬಿಟ್‌ನಷ್ಟನ್ನು ಬಳಸಿಕೊಂಡರೂ ಎಫ್.ಎಂ.ಗೆ ಹತ್ತಿರದ ಧ್ವನಿ ಸಿಗುತ್ತದೆ. ವಾಹಕದ ಪೋಲು ಇಲ್ಲ. ಈ ಲಾಭ ನಿಜವಾದದ್ದು. ಅನಲಾಗ್‌ನ ಅಭಿಮಾನಿಗಳು ಇದನ್ನು ಅಲ್ಲಗಳೆಯುವುದು ಸರಿಯಲ್ಲ.

ತೊಡಕು ಬರುವುದು ಕೈಯಲ್ಲಿ ಬೆಸುಗೆ ಕಡ್ಡಿ ಹಿಡಿದಾಗ. ಎ.ಎಂ. ಪ್ರೇಷಕದಲ್ಲಿ ಟ್ರಾನ್ಸಿಸ್ಟರನ್ನು ಬರೀ ಸ್ವಿಚ್ಚಿನಂತೆ ಬಳಸಿ, ಅದಕ್ಕೆ ಕೊಡುವ ವೋಲ್ಟೇಜನ್ನು ಧ್ವನಿಯೊಂದಿಗೆ ಕುಣಿಸಿದರೆ ಸಾಕು. ಡಿಆರ್‌ಎಂನಲ್ಲಿ 200 ಉಪವಾಹಕಗಳು ಆಗಾಗ ಒಂದೇ ಕ್ಷಣದಲ್ಲಿ ಶಿಖರ ಮುಟ್ಟುತ್ತವೆ. ಆ ಕ್ಷಣದ ಶಕ್ತಿ ಸರಾಸರಿಯ 10 ಪಟ್ಟಿನಷ್ಟಾಗಬಹುದು. ಶಿಖರವನ್ನು ಕತ್ತರಿಸಿದರೆ ಸಂಜ್ಞೆ ಕೆಡುತ್ತದೆ, ಪಕ್ಕದ ಕೇಂದ್ರಕ್ಕೂ ಉಪದ್ರವ. 400 ವ್ಯಾಟ್ ಶಿಖರವನ್ನು ತಾಳುವ ಪ್ರೇಷಕದಿಂದ 100 ವ್ಯಾಟ್ ವಾಹಕದ ಎ.ಎಂ. ಪಡೆಯಬಹುದು, ಡಿಆರ್‌ಎಂ ಆದರೆ ಸರಾಸರಿ 40 ವ್ಯಾಟ್. ಇನ್ನು ಆ 3 ಮೀಟರ್ ಆಂಟೆನಾ. ಅದರ ಧಾರಕತೆ ಬಹಳ ಕಡಿಮೆಯಾದ್ದರಿಂದ ದೊಡ್ಡ ಸುರುಳಿ ಜೋಡಿಸಿ ಅನುರಣನಕ್ಕೆ ತರಬೇಕು. ಹಾಗೆ ತಂದಾಗ ಅದು ಸಲೀಸಾಗಿ ಬಿಡುವ ಪಟ್ಟಿ 4 ಕಿಲೋಹರ್ಟ್ಸ್ ಆಸುಪಾಸು. ಎ.ಎಂ.ನಲ್ಲಿ ಇದರಿಂದ ತಾರಸ್ವರಗಳು ಮಂಕಾಗುತ್ತವೆ, ಅಷ್ಟೆ. ಡಿಆರ್‌ಎಂನಲ್ಲಿ ಅಂಚಿನ ಉಪವಾಹಕಗಳೇ ಸೊರಗುತ್ತವೆ.

ಸೊರಗಿದರೆ ಏನಾಗುತ್ತದೆಂಬುದು ಎರಡು ವಿಧಾನಗಳ ಸ್ವಭಾವ ಭೇದ. ಅನಲಾಗ್ ಸಂಜ್ಞೆ ದೂರ ಹೋದಂತೆ ಗರಗರ ಹೆಚ್ಚುತ್ತಾ ಹೋಗುತ್ತದೆ. ಆದರೂ ಕಿವಿ ಮತ್ತು ಮಿದುಳು ಮಾತನ್ನು ಹೆಕ್ಕಿಕೊಳ್ಳುತ್ತವೆ. ಡಿಜಿಟಲ್ ಸಂಜ್ಞೆ ಒಂದು ಮಿತಿಯವರೆಗೆ ಶುಭ್ರ, ಅದರಾಚೆ ಮೌನ. ದೊಡ್ಡ ಕೇಂದ್ರ ಶಕ್ತಿ ಹೆಚ್ಚಿಸಿ ಈ ಪ್ರಪಾತವನ್ನು ದೂರ ತಳ್ಳಬಲ್ಲದು. ಮಿಲಿವ್ಯಾಟ್‌ಗಳ ಹವ್ಯಾಸಿ ಸದಾ ಅದರ ಅಂಚಿನಲ್ಲೇ ನಿಂತಿರುತ್ತಾನೆ.

ಹಾಗೆಂದು ಹವ್ಯಾಸಿಗಳು ಡಿಜಿಟಲ್‌ಗೆ ಹೆದರಿ ಕೂತವರಲ್ಲ. ಜರ್ಮನಿಯ ಡಾರ್ಮ್‌ಸ್ಟಾಟ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ‘ಡ್ರೀಮ್’ ಎಂಬ ಮುಕ್ತ ತಂತ್ರಾಂಶ ಹುಟ್ಟಿತು. ಹಳೆಯ ಷಾರ್ಟ್‌ವೇವ್ ರೇಡಿಯೋವನ್ನು ಸ್ವಲ್ಪ ತಿದ್ದಿ, ಅದರ ಸಂಜ್ಞೆಯನ್ನು ಕಂಪ್ಯೂಟರಿನ ಸೌಂಡ್ ಕಾರ್ಡಿಗೆ ಕೊಟ್ಟರೆ ಡಿಆರ್‌ಎಂ ಕೇಳಬಹುದಿತ್ತು. 2000ದ ದಶಕದಲ್ಲಿ ಗೆಲೀನಾ ಹರಳಿನ ಜಾಗಕ್ಕೆ ಬಂದದ್ದು ಇದೇ ಎಂದರೆ ತಪ್ಪಾಗದು. ಆದರೆ ಧ್ವನಿ ಸಂಕೋಚನದ ವಿಧಾನಕ್ಕೆ ಪೇಟೆಂಟ್‌ಗಳಿದ್ದವು. ಮುಕ್ತ ತಂತ್ರಾಂಶದೊಡನೆ ಆ ಭಾಗವನ್ನು ಹಂಚುವುದು ಕಷ್ಟವಾಗಿ, ಬಳಕೆದಾರರು ಅದನ್ನು ಬೇರೆಡೆಯಿಂದ ತಂದು ಸೇರಿಸಿಕೊಳ್ಳಬೇಕಾಯಿತು. ಬೋಸರಿಗೆ ತಮ್ಮ ಪೇಟೆಂಟಿನಲ್ಲಿ ಆಸಕ್ತಿಯಿರಲಿಲ್ಲವೆಂಬುದು ಇಲ್ಲಿ ಸುಮ್ಮನೆ ನೆನಪಾಗುತ್ತದೆ.

ಯುರೋಪಿನ ಎರಡು ದೇಶಗಳ ಅನುಭವ ಗಮನಿಸಬೇಕಾದದ್ದು. ನೆದರ್‌ಲ್ಯಾಂಡ್ಸ್‌ನ ಸಾರ್ವಜನಿಕ ಬಾನುಲಿ 2015ರ ಸೆಪ್ಟೆಂಬರ್ 1ರಂದು 747 ಕಿಲೋಹರ್ಟ್ಸ್‌ನ ತನ್ನ ದೊಡ್ಡ ಪ್ರೇಷಕವನ್ನು ಮುಚ್ಚಿತು. ದೊಡ್ಡವರು ಬಿಟ್ಟುಹೋದ ಆ ಪಟ್ಟಿಯಲ್ಲಿ 1 ವ್ಯಾಟಿನಿಂದ 100 ವ್ಯಾಟಿನವರೆಗಿನ ಸಣ್ಣ ಎ.ಎಂ. ಕೇಂದ್ರಗಳಿಗೆ ಅಲ್ಲಿನ ಸರ್ಕಾರ ಪರವಾನಗಿ ನೀಡಿತು. ಹಳೆಯ ಹಾಡುಗಳನ್ನು ಹಾಕುವ ಉತ್ಸಾಹಿಗಳು ಅನಲಾಗ್‌ನಲ್ಲಿಯೇ ಅಲ್ಲಿ ನೆಲೆಯೂರಿದರು. ಬ್ರಿಟನ್ನಿನದು ಬೇರೆ ದಾರಿ. ಆಸ್ಪತ್ರೆ ಮತ್ತು ವಿಶ್ವವಿದ್ಯಾಲಯಗಳ 1 ವ್ಯಾಟ್ ಎ.ಎಂ. ಕೇಂದ್ರಗಳು ಅಲ್ಲಿ ಮೊದಲೇ ಇದ್ದವು. 2012ರಲ್ಲಿ ಬ್ರೈಟನ್ ನಗರದಲ್ಲಿ, ಮುಕ್ತ ತಂತ್ರಾಂಶ ಹಾಗೂ ಸಾಧಾರಣ ಕಂಪ್ಯೂಟರ್ ಬಳಸಿ ಅಗ್ಗದಲ್ಲಿ ಡಿಎಬಿ ಎಂಬ ಡಿಜಿಟಲ್ ಪ್ರಸಾರ ಸಾಧ್ಯವೇ ಎಂದು ಪರೀಕ್ಷಿಸಲಾಯಿತು. ಸಾಧ್ಯವೆಂದು ತಿಳಿದು 2015ರಲ್ಲಿ ಹತ್ತು ಊರುಗಳಿಗೆ ಪ್ರಯೋಗ ವಿಸ್ತರಿಸಿತು. ನಂತರ ಹಲವು ಸಮುದಾಯ ಕೇಂದ್ರಗಳು ಅದಕ್ಕೆ ಸೇರಿದವು. ಇಲ್ಲಿ ಡಿಜಿಟಲ್ ಗೆದ್ದಿತು. ಕಾರಣ, ಡಿಎಬಿ ಗ್ರಾಹಕಗಳು ಬ್ರಿಟನ್ನಿನ ಮನೆಗಳಲ್ಲಿ ಆಗಲೇ ಇದ್ದವು. ಒಂದೇ ಪ್ರೇಷಕದಲ್ಲಿ ಹತ್ತಾರು ಕೇಂದ್ರಗಳು ಸಾಗುವುದರಿಂದ ಖರ್ಚೂ ಹಂಚಿಹೋಗುತ್ತದೆ. ಅದು ಬಸ್ಸಿನಲ್ಲಿ ಸಿಕ್ಕ ಒಂದು ಸೀಟು. 100 ಮಿಲಿವ್ಯಾಟಿನ ಎ.ಎಂ. ಸ್ವಂತ ಸೈಕಲ್.

ಭಾರತದಲ್ಲಿ ಹವ್ಯಾಸಿ ಪ್ರಸಾರಕ್ಕೆ ಎರಡೂ ಸಿಗಲಿಲ್ಲ. ಹ್ಯಾಮ್ ಪರವಾನಗಿ ಪಡೆದವರು ಪರಸ್ಪರ ಮಾತಾಡಬಹುದೇ ಹೊರತು ಊರಿಗೆ ಪ್ರಸಾರ ಮಾಡುವಂತಿಲ್ಲ. 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ಬಾನುಲಿ ತೆರೆಯಿತು, ಅದು ಎಫ್.ಎಂ., ವ್ಯಕ್ತಿಗಳಿಗೆ ಅಲ್ಲಿ ಜಾಗವಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ 2003ರ ಸುಮಾರಿಗೆ, ಗಾಳಿಯಲ್ಲಿ ಪ್ರಸಾರಕ್ಕೆ ಅನುಮತಿಯಿಲ್ಲದೆ, ಕೇಬಲ್ ತಂತಿಯ ಮೂಲಕ ಮನೆಮನೆಗೆ ತಲುಪಿತು. ಮಧ್ಯಮ ತರಂಗದಲ್ಲಿ ಆಕಾಶವಾಣಿ 2010ರ ದಶಕದಲ್ಲಿ ಸುಮಾರು 35 ಡಿಆರ್‌ಎಂ ಪ್ರೇಷಕಗಳನ್ನು ಸ್ಥಾಪಿಸಿತು. ಅವುಗಳಲ್ಲಿ ಒಂದು 612 ಕಿಲೋಹರ್ಟ್ಸ್‌ನ ಬೆಂಗಳೂರು ಕೇಂದ್ರದ 200 ಕಿಲೋವ್ಯಾಟ್ ಪ್ರೇಷಕ. ಹೊಸ ಕಾರುಗಳಲ್ಲಿ ಡಿಆರ್‌ಎಂ ಗ್ರಾಹಕಗಳು ಬಂದವು. ಅಡುಗೆಮನೆಯ ಗೂಡಿನಲ್ಲಿ, ಹೊಲದ ಬದುವಿನಲ್ಲಿ ಇಡುವಷ್ಟು ಅಗ್ಗದ ಗ್ರಾಹಕ ಬರಲಿಲ್ಲ.

ವಿದ್ಯುನ್ಮಾನ ಪ್ರಯೋಗಾಲಯದಲ್ಲಿ ನನ್ನ ವಿದ್ಯಾರ್ಥಿಗಳಿಂದ ಹರಳು ರೇಡಿಯೋ ಮಾಡಿಸುವುದುಂಟು. ಗೆಲೀನಾ ಸಿಗದಿದ್ದರೆ ಜರ್ಮೇನಿಯಂ ಡಯೋಡ್. ಅನಲಾಗ್ ಪ್ರಸಾರಕ್ಕೆ ಹೊಂದಿಸಿದಾಗ, ಪ್ರಬಲ ಕೇಂದ್ರ ಹತ್ತಿರವಿದ್ದರೆ, ವಾರ್ತೆ ಓದುವವರ ಧ್ವನಿ ಬ್ಯಾಟರಿಯಿಲ್ಲದೆ ಕಿವಿಗೆ ಬೀಳುತ್ತದೆ. ಅದೇ ಉಪಕರಣವನ್ನು ಅದೇ ಶಕ್ತಿಯ ಡಿಆರ್‌ಎಂ ಪ್ರಸಾರಕ್ಕೆ ಹೊಂದಿಸಿದರೆ ಕೇಳುವುದು ಒಂದೇ ಸಮನೆ ‘ಶ್ಶ್’ ಎಂಬ ಸದ್ದು. ಶಕ್ತಿ ಬಂದಿರುತ್ತದೆ, ಮೀಟರಿನಲ್ಲಿ ಅಳೆಯಲೂಬಹುದು.