ನಾಲ್ಕು ಊರಿನ ಭಾಗ, ಒಂದು ಮೋಟಾರ್ ಸೈಕಲ್

‘ಜಾವಾ’ ಎಂದೊಡನೆ ಭೂಗೋಳ ಓದಿದ ನಿಮಗೆ ಇಂಡೋನೇಷ್ಯದ ದ್ವೀಪವೊಂದು ನೆನಪಾಗಬಹುದು. ಆದರೆ ಮೈಸೂರಿನಲ್ಲಿ ತಯಾರಾಗಿ ನಾಡಿನ ಮೂಲೆ ಮೂಲೆಯ ರಸ್ತೆಗಳಲ್ಲಿ ಓಡಿದ ಜಾವಾ ಮೋಟಾರ್ ಸೈಕಲ್ಲಿಗೂ ಆ ದ್ವೀಪಕ್ಕೂ ಯಾವ ನಂಟೂ ಇಲ್ಲ. 1929ರಲ್ಲಿ ಝೆಕೊಸ್ಲೊವಾಕಿಯದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯಿಂದ 500 ಸಿ.ಸಿ.ಯ ಮೋಟಾರ್ ಸೈಕಲ್ಲೊಂದನ್ನು ತಯಾರಿಸುವ ಹಕ್ಕನ್ನು ಕೊಂಡರು. ತಮ್ಮ ಹೆಸರಿನ ‘ಯಾ’, ವಾಂಡರರ್‌ನ ‘ವಾ’ ಎರಡನ್ನೂ ಕೂಡಿಸಿ ಗಾಡಿಗೆ ಹೆಸರಿಟ್ಟರು. ರೋಮನ್ ಲಿಪಿಯಲ್ಲಿ ನಾವು ‘ಜ’ ಎಂದು ಓದುವ ಅಕ್ಷರವನ್ನು ಝೆಕ್ ಜನ ‘ಯ’ ಎಂದು ಓದುತ್ತಾರೆ. ಅವರಿಗೆ ಅದು ‘ಯಾವಾ’, ನಮಗೆ ‘ಜಾವಾ’.

ಆ ಮೊದಲ ಗಾಡಿ ದುಬಾರಿಯಾಗಿತ್ತು. ಅದೇ ಹೊತ್ತಿಗೆ ಜಗತ್ತಿನಾದ್ಯಂತ ಆರ್ಥಿಕ ಕುಸಿತ. ಕಂಪನಿಯನ್ನು ಉಳಿಸಿದ್ದು 1932ರಲ್ಲಿ ಬಂದ, ಬೆಲೆಯಲ್ಲಿ ಅಗ್ಗವಾದ 175 ಸಿ.ಸಿ.ಯ ಪುಟ್ಟ ಗಾಡಿ. ಅದರ ವಿನ್ಯಾಸಕಾರ ಜಾರ್ಜ್ ವಿಲಿಯಂ ಪ್ಯಾಚೆಟ್ ಇಂಗ್ಲಿಷಿನವರು. ಎಂಜಿನ್ ಇಂಗ್ಲೆಂಡಿನ ವಿಲಿಯರ್ಸ್ ಕಂಪನಿಯದು. ಹೆಸರಿನಲ್ಲಿ ಅರ್ಧ ಜರ್ಮನಿ, ಎಂಜಿನ್ ಇಂಗ್ಲೆಂಡ್, ಕಾರ್ಖಾನೆ ಝೆಕೊಸ್ಲೊವಾಕಿಯ! ನಮ್ಮ ಹಿರಿಯರು ‘ಅಪ್ಪಟ ಜಾವಾ’ ಎಂದು ಹೆಮ್ಮೆಪಡುತ್ತಿದ್ದ ಗಾಡಿಯ ವಂಶಾವಳಿ ಇದು.

ಈ ಬಗೆಯ ಗಾಡಿಯನ್ನು ‘ಹೈಬ್ರಿಡ್’ ಎನ್ನುತ್ತಾರೆ. ಪೆಟ್ರೋಲು ಮತ್ತು ಬ್ಯಾಟರಿ ಎರಡರಿಂದಲೂ ಓಡುವ ವಾಹನಕ್ಕೂ ಈಗ ಅದೇ ಹೆಸರಿದೆ. ನಾವು ಮಾತಾಡುತ್ತಿರುವುದು ಅದರ ಬಗ್ಗೆ ಅಲ್ಲ. ಹುಲಗೂರು, ಶಿಗ್ಗಾವಿ, ಸವಣೂರು ಕಡೆಯ ರೈತ ಮಕ್ಕಳಿಗೆ ಹೈಬ್ರಿಡ್ ಎಂದರೆ ಹತ್ತಿ ಬೀಜವೇ ಮೊದಲು ನೆನಪಾದೀತು. ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ಡಾ. ಬಿ.ಎಚ್. ಕಟರಕಿ ಅವರು ಧಾರವಾಡದಲ್ಲಿ ರೂಪಿಸಿದ ‘ವರಲಕ್ಷ್ಮಿ’ ತಳಿ 1972ರಲ್ಲಿ ಬಿಡುಗಡೆಯಾಯಿತು. ಅದನ್ನು ಯಾರೂ ಕಲಬೆರಕೆ ಎನ್ನಲಿಲ್ಲ. ಆದರೆ ಒಂದು ಗಾಡಿಯ ಎಂಜಿನ್ನು, ಇನ್ನೊಂದರ ಚಾಸಿ, ಮೂರನೆಯದರ ಚಕ್ರ ಕೂಡಿಸಿ ಮನೆಯಂಗಳದಲ್ಲಿ ಮೋಟಾರ್ ಸೈಕಲ್ ಕಟ್ಟಿದವರನ್ನು ಕಂಡರೆ ‘ಗುಜರಿ ಗಾಡಿ’ ಎಂದು ನಗುತ್ತೇವೆ. ಈ ನಗು ಸರಿಯೆ? ಚರಿತ್ರೆ ಏನು ಹೇಳುತ್ತದೆ ನೋಡೋಣ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946. ಜಪಾನು ಸೋತು ನೆಲಕಚ್ಚಿತ್ತು. ರೈಲು, ಬಸ್ಸುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಮಾಮತ್ಸು ಪಟ್ಟಣದಲ್ಲಿ ಸೊಯಿಚಿರೊ ಹೊಂಡಾ ಎಂಬ ಮೆಕ್ಯಾನಿಕ್ಕಿನ ಕಣ್ಣಿಗೆ ಸೈನ್ಯದ ವೈರ್‌ಲೆಸ್ ಯಂತ್ರಕ್ಕೆ ವಿದ್ಯುತ್ತು ಒದಗಿಸಲು ಮಾಡಿದ್ದ ಒಂದು ಪುಟ್ಟ ಎಂಜಿನ್ ಬಿತ್ತು. ಅವರು ಅದನ್ನು ಸೈಕಲ್ಲಿಗೆ ಕಟ್ಟಿದರು. ಪೆಟ್ರೋಲ್ ಟ್ಯಾಂಕಿಗೆ ಏನು ಬಳಸಿದರು ಗೊತ್ತೆ? ಚಳಿಗಾಲದಲ್ಲಿ ಹಾಸಿಗೆ ಬೆಚ್ಚಗಿಡಲು ಬಿಸಿನೀರು ತುಂಬುವ ಪಾತ್ರೆ! ಅಂಥ ಸುಮಾರು 500 ಎಂಜಿನ್ನುಗಳು ಸಿಕ್ಕವು. ಅಷ್ಟೂ ಸೈಕಲ್ಲುಗಳ ಮೇಲೇರಿದವು. ಗುಜರಿ ಖಾಲಿಯಾದಾಗ ಅವರು ತಮ್ಮದೇ ಎಂಜಿನ್ ರೂಪಿಸಬೇಕಾಯಿತು. 1947ರ ಆ ‘ಎ ಟೈಪ್’ ಎಂಜಿನ್ನಿನಿಂದ ಇಂದಿನ ಹೊಂಡಾ ಕಂಪನಿ ಬೆಳೆಯಿತು. ಗುಜರಿ ಮೊದಲು, ಕಾರ್ಖಾನೆ ಆಮೇಲೆ. ಈ ಕ್ರಮವನ್ನು ನೆನಪಿಡಿ. ನಮ್ಮ ಮೈಸೂರಿನಲ್ಲಿ ಅದು ತಲೆಕೆಳಗಾಯಿತು.

ಇಂಗ್ಲೆಂಡಿನ ಕಥೆ ಬೇರೆ. ಉತ್ತರ ಐರ್ಲೆಂಡಿನ ಮೆಕ್ಯಾಂಡ್ಲೆಸ್ ಸೋದರರು ರೂಪಿಸಿದ ಚಾಸಿಯೊಂದನ್ನು ನಾರ್ಟನ್ ಕಂಪನಿ 1950ರಲ್ಲಿ ತನ್ನ ರೇಸ್ ಗಾಡಿಗಳಿಗೆ ಹಾಕಿತು. ಗರಿಯ ಹಾಸಿಗೆಯ ಮೇಲೆ ಕೂತಂತಿದೆ ಎಂದು ಸವಾರರು ಹೊಗಳಿದ್ದರಿಂದ ಅದಕ್ಕೆ ‘ಫೆದರ್‌ಬೆಡ್’ ಎಂದೇ ಹೆಸರಾಯಿತು. ಅದೇ ವೇಳೆಗೆ 500 ಸಿ.ಸಿ.ಯ ಪುಟ್ಟ ರೇಸ್ ಕಾರು ಓಡಿಸುವವರಿಗೆ ನಾರ್ಟನ್ ಎಂಜಿನ್ ಬೇಕಾಗಿತ್ತು. ಕಂಪನಿ ಬಿಡಿ ಎಂಜಿನ್ ಮಾರುತ್ತಿರಲಿಲ್ಲ. ಹೀಗಾಗಿ ಅವರು ಇಡೀ ಮೋಟಾರ್ ಸೈಕಲ್ ಕೊಂಡು, ಎಂಜಿನ್ ಕಿತ್ತುಕೊಂಡು, ಉಳಿದದ್ದನ್ನು ಮಾರಿಬಿಡುತ್ತಿದ್ದರು. ಅತ್ತ ಟ್ರಯಂಫ್ ಕಂಪನಿಯ ಜೋಡಿ ಸಿಲಿಂಡರಿನ ಎಂಜಿನ್ ಸೊಗಸಾಗಿತ್ತು, ಅದರ ಚಾಸಿ ಅಷ್ಟಕ್ಕಷ್ಟೆ. ಮನೆಯ ಶೆಡ್ಡುಗಳಲ್ಲಿ ಕೆಲಸ ಮಾಡುವ ಹುಡುಗರು ನಾರ್ಟನ್ ಚಾಸಿಯಲ್ಲಿ ಟ್ರಯಂಫ್ ಎಂಜಿನ್ ಕೂರಿಸಿದರು. ಟ್ರಯಂಫ್‌ನ ‘ಟ್ರೈ’, ನಾರ್ಟನ್‌ನ ‘ಟನ್’ ಸೇರಿ ‘ಟ್ರೈಟನ್’ ಆಯಿತು. ಯಾವ ಕಾರ್ಖಾನೆಯೂ ಮಾಡದಿದ್ದ ಈ ಗಾಡಿ ಆ ಕಾಲದ ರಸ್ತೆಗಳ ರಾಜನಾಯಿತು.

ಇದೆಲ್ಲ ವೇಗದ ಮೋಜಾಯಿತು ಎನ್ನುವಿರಾ? ಗುಜರಾತಿನ ಅಮ್ರೇಲಿ ಜಿಲ್ಲೆಗೆ ಬನ್ನಿ. ಅಲ್ಲಿ ಮನಸುಖಭಾಯಿ ಜಗಾನಿ ಎಂಬವರು 1994ರಲ್ಲಿ ಬುಲೆಟ್ ಮೋಟಾರ್ ಸೈಕಲ್ಲಿನ ಹಿಂಚಕ್ರ ತೆಗೆದು, ಆ ಜಾಗಕ್ಕೆ ಎರಡು ಚಕ್ರಗಳನ್ನೂ ಕುಂಟೆಯಂಥ ಸಲಕರಣೆಗಳನ್ನೂ ಜೋಡಿಸಿ ‘ಬುಲೆಟ್ ಸಾಂತಿ’ ಮಾಡಿದರು. ಎತ್ತಿನ ಜೋಡಿ ಸಾಕಲಾಗದ ಸಣ್ಣ ರೈತನಿಗೆ ಅದು ಎತ್ತಾಯಿತು. ನಮ್ಮ ನೆರೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರ ಹೆಸರನ್ನು ನೀವು ಕೇಳಿರಬಹುದು. ಹುಣಸೆಬೀಜ ಬಿಡಿಸುವ ಯಂತ್ರ, ಬಿತ್ತುವ ಕೂರಿಗೆ ಮುಂತಾದವನ್ನು ರೂಪಿಸಿದ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಅವರದು ಮೋಟಾರ್ ಸೈಕಲ್ಲಲ್ಲ. ಆದರೆ ಊರಿನ ವರ್ಕ್‌ಶಾಪಿನಲ್ಲಿ ಇದ್ದಬದ್ದುದನ್ನು ಜೋಡಿಸಿ ಹೊಸದು ಮಾಡುವ ಬುದ್ಧಿ ಅದೇ.

ಈಗ ಮೈಸೂರಿಗೆ ಬರೋಣ. ಐವತ್ತರ ದಶಕದಲ್ಲಿ ಸರ್ಕಾರ ವಿದೇಶಿ ವಾಹನಗಳ ಆಮದನ್ನು ಬಿಗಿಗೊಳಿಸಿದಾಗ, ಮುಂಬಯಿಯಲ್ಲಿ ಜಾವಾ ತರಿಸಿ ಮಾರುತ್ತಿದ್ದ ಫರೂಕ್ ಇರಾನಿ ಅವರು ಇಲ್ಲಿಯೇ ತಯಾರಿಸಲು ನಿಶ್ಚಯಿಸಿದರು. ಮೈಸೂರಿನ ಯಾದವಗಿರಿಯಲ್ಲಿ ‘ಐಡಿಯಲ್ ಜಾವಾ’ ಕಾರ್ಖಾನೆ ಎದ್ದಿತು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಅದನ್ನು ಉದ್ಘಾಟಿಸಿದರು. 1961ರಿಂದ ಗಾಡಿಗಳು ಹೊರಬಂದವು. 250 ಸಿ.ಸಿ., ಒಂದೇ ಸಿಲಿಂಡರು, ಆದರೂ ಎರಡು ಸೈಲೆನ್ಸರು. ಎಣ್ಣೆ ಬೆರೆಸಿದ ಪೆಟ್ರೋಲು. ಕಿಕ್ ಹೊಡೆದ ಪೆಡಲನ್ನೇ ಮುಂದಕ್ಕೆ ಮಡಚಿದರೆ ಅದೇ ಗೇರು! ಈ ಚಮತ್ಕಾರವನ್ನು ಹೊಸಬರು ಇಂದಿಗೂ ಬೆರಗಿನಿಂದ ನೋಡುತ್ತಾರೆ. 1973ರಲ್ಲಿ ಹೆಸರು ‘ಯೆಜ್ಡಿ’ ಎಂದು ಬದಲಾಯಿತು. ಇರಾನಿನ ಯಜ್ದ್ ಪಟ್ಟಣದ ನೆನಪು ಅದರಲ್ಲಿದೆ ಎನ್ನುತ್ತಾರೆ. ಝೆಕ್ ಭಾಷೆಯಲ್ಲಿ ‘ಯೆಜ್ದೀ’ ಎಂದರೆ ‘ಸವಾರಿ ಹೋಗುತ್ತಾನೆ’ ಎಂಬ ಅರ್ಥವೂ ಇದೆ. 1978ರಲ್ಲಿ ‘ರೋಡ್‌ಕಿಂಗ್’ ಬಂತು. ಎಂಬತ್ತರ ದಶಕದಲ್ಲಿ ಕಡಿಮೆ ಪೆಟ್ರೋಲು ಕುಡಿಯುವ 100 ಸಿ.ಸಿ.ಯ ಜಪಾನಿ ಗಾಡಿಗಳು ಬಂದ ಮೇಲೆ ವ್ಯಾಪಾರ ಇಳಿಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಕಾರ್ಖಾನೆ ಮುಚ್ಚಿದರೂ ಗಾಡಿಗಳು ಮನೆಗಳಲ್ಲಿ ಉಳಿದವಲ್ಲ! ಅಪ್ಪನ ಗಾಡಿ, ಮಾವ ಕೊಟ್ಟ ಗಾಡಿ, ಹಾಲು ಹಾಕುವವರ ಗಾಡಿ. ಬಿಡಿಭಾಗಗಳು ಮುಗಿಯುತ್ತ ಬಂದವು. ಆಗ ನಾಡಿನ ಮೆಕ್ಯಾನಿಕ್ಕರು ಮಾಡಿದ್ದೇನು? ಕೆಟ್ಟ ಎರಡು ಗಾಡಿಯಿಂದ ಒಂದು ಓಡುವ ಗಾಡಿ ಮಾಡಿದರು. ಹಳೆಯ ಜಾವಾಕ್ಕೆ ಯೆಜ್ಡಿಯ ಭಾಗ, ಯೆಜ್ಡಿಗೆ ಬೇರೆ ಕಂಪನಿಯ ಕಾರ್ಬ್ಯುರೇಟರು, ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್. ಹೊಂಡಾ ಅವರ ಕಥೆಯಲ್ಲಿ ಗುಜರಿಯಿಂದ ಕಾರ್ಖಾನೆ ಹುಟ್ಟಿತು. ಇಲ್ಲಿ ಕಾರ್ಖಾನೆಯ ವಿದ್ಯೆ ಗುಜರಿಯಂಗಡಿಗಳಲ್ಲಿ, ಗ್ಯಾರೇಜುಗಳಲ್ಲಿ ಬದುಕಿತು. 2018ರ ನವೆಂಬರಿನಲ್ಲಿ ಜಾವಾ ಹೆಸರೂ, 2022ರ ಜನವರಿಯಲ್ಲಿ ಯೆಜ್ಡಿ ಹೆಸರೂ ಮಾರುಕಟ್ಟೆಗೆ ಮರಳಿದವು. ಆದರೆ ಆ ಗಾಡಿಗಳು ತಯಾರಾದದ್ದು ಮಧ್ಯಪ್ರದೇಶದ ಪೀತಂಪುರದಲ್ಲಿ. ಎಂಜಿನ್ ನಾಲ್ಕು ಸ್ಟ್ರೋಕಿನದು. ನಿಮ್ಮ ಅಜ್ಜನ ಗಾಡಿಗೆ ಅದರ ಪಿಸ್ಟನ್ ಹೊಂದುವುದಿಲ್ಲ.

ಸರಿ, ಹುಲಗೂರಿನಂಥ ಊರಿನಲ್ಲಿ, ಮನೆಯ ಹಿತ್ತಲ ತಗಡಿನ ಶೆಡ್ಡಿನಲ್ಲಿ, ನೀವೇ ಇಂಥ ಗಾಡಿ ಕಟ್ಟಲು ಕೂತಿರಿ ಎಂದುಕೊಳ್ಳಿ. ಕೈಯಲ್ಲಿ ಒಂದು ಯೆಜ್ಡಿ ಎಂಜಿನ್, ಒಂದು ಹಳೆಯ ಬುಲೆಟ್ಟಿನ ಹಿಂಭಾಗ. ಲೇತ್ ಕೆಲಸಕ್ಕೆ ಹುಬ್ಬಳ್ಳಿಗೆ ಹೋಗಿಬರಬೇಕು. ದೂರದರ್ಶನದ ಕ್ಯಾಮರಾ ವೆಲ್ಡಿಂಗಿನ ಕಿಡಿಯನ್ನು ಚೆನ್ನಾಗಿ ತೋರಿಸುತ್ತದೆ. ನಾವು ನಿರ್ಮಾಪಕರಿಗೂ ಕಿಡಿ ಎಂದರೆ ಆಸೆ. ಆದರೆ ಈ ಕೆಲಸದ ಜೀವ ಇರುವುದು ಪರದೆಯ ಮೇಲೆ ಕಾಣದ ಕೂದಲೆಳೆಯ ಅಳತೆಯಲ್ಲಿ. ಅದಕ್ಕೇ ಆ ಮಾತನ್ನು ಈ ಪುಟಕ್ಕೆ ಇಟ್ಟುಕೊಂಡೆ.

ಮೊದಲು ಬೋಲ್ಟು. ಬುಲೆಟ್ಟು ಇಂಗ್ಲಿಷ್ ಸಂತಾನ. ಹಳೆಯ ಬುಲೆಟ್ಟಿನ ಬೋಲ್ಟುಗಳು ಬ್ರಿಟಿಷ್ ಅಳತೆಯವು. ಜಾವಾ ಮೆಟ್ರಿಕ್ ಅಳತೆಯದು. ಬ್ರಿಟಿಷ್ ಅಳತೆಗಳಲ್ಲಿ ಹಳೆಯದು ಜೋಸೆಫ್ ವಿಟ್‌ವರ್ತ್ 1841ರಲ್ಲಿ ಗೊತ್ತುಪಡಿಸಿದ್ದು. ಅದರ 5/16 ಇಂಚಿನ ಬೋಲ್ಟಿನ ದಪ್ಪ 7.94 ಮಿಲಿಮೀಟರು. ಮೆಟ್ರಿಕ್ಕಿನ 8 ಮಿ.ಮೀ. ಬೋಲ್ಟಿಗೂ ಅದಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣದು. ಆದರೆ ಮೊದಲನೆಯದರಲ್ಲಿ ಇಂಚಿಗೆ 18 ಸುತ್ತು, ಅಂದರೆ ಸುತ್ತಿನಿಂದ ಸುತ್ತಿಗೆ 1.41 ಮಿ.ಮೀ.; ಎರಡನೆಯದರಲ್ಲಿ 1.25 ಮಿ.ಮೀ. ಸುತ್ತಿನ ಕೋನ ಅಲ್ಲಿ 55 ಡಿಗ್ರಿ, ಇಲ್ಲಿ 60. ಒಂದರ ನಟ್ಟನ್ನು ಇನ್ನೊಂದಕ್ಕೆ ಹಾಕಿದರೆ ಎರಡು ಸುತ್ತು ಹೋಗಿ ಹಿಡಿಯುತ್ತದೆ. ‘ಬಿಗಿಯಾಯಿತು’ ಎಂದು ನೀವು ಪಾನಾ ಒತ್ತುತ್ತೀರಿ. ನಿಜವಾಗಿ ಅಲ್ಲಿ ಆಗುತ್ತಿರುವುದು ಸುತ್ತುಗಳ ನಾಶ. ಇಂಥ ಬೋಲ್ಟು ಬ್ರೇಕಿನದಾದರೆ ಏನಾದೀತು, ಯೋಚಿಸಿ.

ಆಮೇಲೆ ಚೈನು. ಎಂಜಿನ್ನಿನ ಸ್ಪ್ರಾಕೆಟ್ಟೂ ಹಿಂಚಕ್ರದ ಸ್ಪ್ರಾಕೆಟ್ಟೂ ಒಂದೇ ಗೆರೆಯಲ್ಲಿರಬೇಕು. ಎರಡು ಗಾಡಿಯ ಭಾಗಗಳಾದ್ದರಿಂದ ಅವು ತಾವಾಗಿ ಒಂದೇ ಗೆರೆಯಲ್ಲಿ ಇರುವುದಿಲ್ಲ. ನೇರವಾದ ಪಟ್ಟಿಯೊಂದನ್ನು ಎರಡಕ್ಕೂ ತಾಗಿಸಿ, ಎಂಜಿನ್ನಿನ ಕೆಳಗೆ ತಗಡಿನ ತುಣುಕಿಟ್ಟು ಸರಿಸುತ್ತ ಸರಿಸುತ್ತ ಕೂರಿಸಬೇಕು. ಗೆರೆ ತಪ್ಪಿದರೆ ಚೈನು ಓರೆಯಾಗಿ ಎಳೆದು ಹಲ್ಲುಗಳ ಒಂದು ಬದಿಯನ್ನು ತಿನ್ನುತ್ತದೆ. ವೇಗದಲ್ಲಿ ಜಾರಿದರೆ ಹಿಂಚಕ್ರವೇ ಹಿಡಿದುಕೊಳ್ಳುತ್ತದೆ. ಹಲ್ಲಿನ ಲೆಕ್ಕವೂ ಇದೆ. ಮುಂದೆ 15, ಹಿಂದೆ 45 ಹಲ್ಲಿದ್ದರೆ ಮುಂದಿನದು ಮೂರು ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು. ಹಿಂದೆ ಹಲ್ಲು ಹೆಚ್ಚಿಸಿದರೆ ಏರಿನಲ್ಲಿ ಎಳೆತ ಹೆಚ್ಚು, ವೇಗ ಕಡಿಮೆ. ಇದನ್ನು ನೀವು ಒಂಬತ್ತನೆಯ ತರಗತಿಯ ಗಣಿತದಿಂದಲೇ ಮಾಡಬಹುದು.

ವಿದ್ಯುತ್ತಿನದು ಸುಲಭ, ಆದರೆ ಅಲ್ಲೂ ಒಂದು ಹಳ್ಳವಿದೆ. ಹಳೆಯ ಜಾವಾ 6 ವೋಲ್ಟಿನದು. ಅದರ ಬಲ್ಬಿಗೆ 12 ವೋಲ್ಟು ಕೊಟ್ಟರೆ ಬೆಳಕು ಎರಡು ಪಟ್ಟಾಗುತ್ತದೆ ಎಂದು ತಿಳಿಯಬೇಡಿ. ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣ. ತಂತುವಿನ ರೋಧ ಅಷ್ಟೇ ಇದ್ದರೆ ನಾಲ್ಕು ಪಟ್ಟು! ಬಲ್ಬು ಒಮ್ಮೆ ಫಳಕ್ಕೆಂದು ಸುಟ್ಟುಹೋಗುತ್ತದೆ.

ಇಷ್ಟು ಕಲಿತು ಕಟ್ಟಿದ ಗಾಡಿಯನ್ನು ರಸ್ತೆಗೆ ಇಳಿಸಬಹುದೆ? ಇಲ್ಲಿ ಕಾನೂನು ಬರುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಂ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಕ್ಕೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಗಾಡಿಯ ಮೂಲ ಲಕ್ಷಣವೇ ಬದಲಾಗುವಂತೆ ರಚನೆ ಬದಲಿಸಿದರೆ ಅದು ಮಾರ್ಪಾಡು. ಆದರೆ ಅಂಗವಿಕಲರು ತಮಗಾಗಿ ಸ್ಕೂಟರಿಗೆ ಪಕ್ಕದ ಚಕ್ರ ಹಾಕಿಸಿಕೊಳ್ಳುವಂಥ ಬದಲಾವಣೆಗೆ ನೋಂದಣಿ ಅಧಿಕಾರಿಯ ಅನುಮೋದನೆಯೊಂದಿಗೆ ಅವಕಾಶವಿದೆ. ನೆನಪಿರಲಿ, ಆ ಪಕ್ಕದ ಚಕ್ರಗಳನ್ನು ಎಷ್ಟೋ ಕಡೆ ಜೋಡಿಸಿಕೊಡುವವರು ಊರಿನ ಮೆಕ್ಯಾನಿಕ್ಕರೇ.

ಕಾನೂನಿನ ಕಳಕಳಿ ನ್ಯಾಯವಾದದ್ದೇ. ಬೋಲ್ಟಿನ ಸುತ್ತು ನೋಡದೆ ಕಟ್ಟಿದ ಗಾಡಿ ಸವಾರನನ್ನು ಮಾತ್ರವಲ್ಲ, ದಾರಿಹೋಕರನ್ನೂ ಕೊಲ್ಲಬಲ್ಲದು. ಆದರೆ ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಒಂದೇ ಒಂದು ಮೋಟಾರ್ ಸೈಕಲ್ಲನ್ನೂ ಸರ್ಕಾರಿ ಪರೀಕ್ಷೆಗೆ ಒಡ್ಡಿ, ಬ್ರೇಕು, ದೀಪ, ಸದ್ದು ಎಲ್ಲ ನೋಡಿ, ಪಾಸಾದರೆ ನೋಂದಾಯಿಸುವ ಏರ್ಪಾಡಿದೆ. ನಮ್ಮ ಪರೀಕ್ಷಾ ವ್ಯವಸ್ಥೆ ಕಾರ್ಖಾನೆಗಳಿಗಾಗಿ ರೂಪಿಸಿದ್ದು. ಹಿತ್ತಲಿನ ಶೆಡ್ಡಿನವರಿಗೆ ಅದರ ಖರ್ಚು ಎಟುಕುವಂಥದಲ್ಲ. ಬ್ರಿಟನ್ನಿನಂಥ ಒಂದು ಬಾಗಿಲು ನಮ್ಮಲ್ಲೂ ಬೇಕು ಎಂದು ನನ್ನ ಅಭಿಪ್ರಾಯ. ಅಲ್ಲಿಯವರೆಗೆ ನೀವು ಕಟ್ಟಿದ್ದು ಹೊಲದಲ್ಲಿ, ಪ್ರದರ್ಶನದಲ್ಲಿ ಇರಲಿ, ರಸ್ತೆಗೆ ಬೇಡ.

ಹಳೆಯ ಗಾಡಿಯ ಪ್ರದರ್ಶನಗಳಲ್ಲಿ ಪ್ರತಿ ಭಾಗವೂ ಮೂಲದ್ದೇ ಇರುವ ಗಾಡಿಗೆ ಬಹುಮಾನ ಹೋಗುವುದುಂಟು. ಅದು ಚಂದವೇ. ಆದರೆ ಇತಿಹಾಸದ ವಿದ್ಯಾರ್ಥಿಗೆ ಹೆಚ್ಚು ಮಾತಾಡುವುದು ತೇಪೆ ಬಿದ್ದ ಗಾಡಿ. ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಹಳೆಯ ಜಾವಾ, ಯೆಜ್ಡಿ ಇದ್ದರೆ ಈ ರಜೆಯಲ್ಲಿ ಒಂದು ನೋಟ್‌ಬುಕ್ ಹಿಡಿದು ಅದರ ಮುಂದೆ ಕೂರಿ. ಚಾಸಿಯ ಮೇಲಿನ ಸಂಖ್ಯೆ, ಎಂಜಿನ್ನಿನ ಮೇಲಿನ ಸಂಖ್ಯೆ ಬರೆದುಕೊಂಡು ಆರ್.ಸಿ.ಯೊಂದಿಗೆ ಹೋಲಿಸಿ. ಯಾವ ಭಾಗ ಯಾವ ಗಾಡಿಯದು, ಯಾವ ವರ್ಷ ಹಾಕಿಸಿದ್ದು, ಎಷ್ಟು ಕೊಟ್ಟರು, ಎಲ್ಲಿಂದ ತಂದರು, ಬೆಸುಗೆ ಯಾರು ಹಾಕಿದರು ಎಂದು ಮನೆಯ ಹಿರಿಯರನ್ನೂ ಊರಿನ ಮೆಕ್ಯಾನಿಕ್ಕರನ್ನೂ ಕೇಳಿ ಬರೆದಿಡಿ. 1961ರಲ್ಲಿ ಮೊದಲ ಗಾಡಿಗಳು ಬಂದಾಗ ಕೆಲಸ ಕಲಿಯಲು ಕೂತ ಹುಡುಗರಿಗೆ ಈಗ ಎಂಬತ್ತರ ಮೇಲೆ ವಯಸ್ಸು. ಅವರನ್ನು ಮೊದಲು ಮಾತಾಡಿಸಿ.