ಒಂದೇ ಸೊಳ್ಳೆ, ಎರಡು ಜ್ವರ

ಗಜೇಂದ್ರಗಡ ಅಂದ ಕೂಡಲೇ ಏನು ನೆನಪಾಗುತ್ತೆ? ಬೆಟ್ಟದ ಮೇಲಿನ ಕೋಟೆ, ಕಾಲಕಾಲೇಶ್ವರ, ಪಟ್ಟೆದಂಚು ಸೀರೆ. ಪರೀಕ್ಷೆಗೆ ಓದಿದವರಿಗೆ 1787ರಲ್ಲಿ ಟಿಪ್ಪು ಮತ್ತು ಮರಾಠರ ನಡುವೆ ಆದ ಒಪ್ಪಂದ. ಶಾಲೆಯ ಇತಿಹಾಸ ಅಲ್ಲಿಗೇ ಮುಗಿಯುತ್ತೆ. ಜ್ವರಗಳ ಇತಿಹಾಸವನ್ನ ಯಾರೂ ಪಾಠ ಮಾಡಲಿಲ್ಲ. ಇವತ್ತು ನಾನು ಅದನ್ನ ಹೇಳ್ತೀನಿ.

2006ನೇ ಇಸವಿ ನೆನಪಿಸಿಕೊಳ್ಳಿ. 1973ರಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯನ್ನ ಕಾಡಿ ಮರೆಯಾಗಿದ್ದ ಚಿಕುನ್‌ಗುನ್ಯಾ 32 ವರ್ಷ ಬಿಟ್ಟು ವಾಪಸ್ ಬಂದಿತ್ತು. ಕಲಬುರಗಿ ಕಡೆ ಕಾಣಿಸಿಕೊಂಡದ್ದು ನೋಡನೋಡುತ್ತಾ ಊರೂರಿಗೆ ಹಬ್ಬಿತು. ಅದೇ ವರ್ಷದ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಬೇರೆ. ಜನ ಎರಡನ್ನೂ ಕಲಸಿ 'ಚಿಕನ್ ಗುನ್ಯಾ' ಅಂದರು, ಕೋಳಿ ತಿನ್ನೋದು ಬಿಟ್ಟರು. ಪಾಪ, ಕೋಳಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ! ಆಫ್ರಿಕಾದ ಮಾಕೊಂಡೆ ಭಾಷೆಯಲ್ಲಿ ಆ ಹೆಸರಿಗೆ ಬಗ್ಗಿಸಿಬಿಡುವಂಥದ್ದು ಅಂತ ಅರ್ಥ. ಕೀಲು ಹಿಡಿದು ಮನುಷ್ಯ ಬಾಗಿಯೇ ಹೋಗ್ತಾನಲ್ಲ, ಅದಕ್ಕೆ.

ಆ ವರ್ಷ ದೇಶದಲ್ಲಿ ಸುಮಾರು 13.9 ಲಕ್ಷ ಶಂಕಿತ ಪ್ರಕರಣ. ಅದರಲ್ಲಿ ಕರ್ನಾಟಕದ ಪಾಲು 7.5 ಲಕ್ಷಕ್ಕೂ ಹೆಚ್ಚು. ಅಂದ್ರೆ ಅರ್ಧಕ್ಕಿಂತ ಜಾಸ್ತಿ ನಮ್ಮದೇ. ಮಗ್ಗದ ಮೇಲೆ ಕೂತು ಕೈಕಾಲು ಎರಡನ್ನೂ ಆಡಿಸಿ ದುಡಿಯೋ ನೇಕಾರನಿಗೆ ಮಣಿಕಟ್ಟು, ಮೊಣಕಾಲು ತಿಂಗಳುಗಟ್ಟಲೆ ಹಿಡಿದುಕೊಂಡರೆ ಏನರ್ಥ? ಮಗ್ಗ ನಿಂತರೆ ಒಲೆಯೂ ನಿಂತಂತೆ. ಆದರೆ ಸರ್ಕಾರಿ ಲೆಕ್ಕದಲ್ಲಿ ಚಿಕುನ್‌ಗುನ್ಯಾದಿಂದ ಸತ್ತವರು ಎಷ್ಟು ಗೊತ್ತಾ? ಸೊನ್ನೆ. ಅದೇ ವರ್ಷ ಅಹಮದಾಬಾದಿನಲ್ಲಿ ಆಗಸ್ಟ್‌ನಿಂದ ನವೆಂಬರ್‌ವರೆಗಿನ ಸಾವುಗಳನ್ನ ಹಿಂದಿನ ವರ್ಷಗಳ ಜೊತೆ ಹೋಲಿಸಿದ ಸಂಶೋಧಕರಿಗೆ 2,944 ಹೆಚ್ಚುವರಿ ಸಾವು ಕಂಡಿತು.

ಇಲ್ಲೇ ನನ್ನ ಪ್ರಶ್ನೆ. 'ಶಂಕಿತ' ಅನ್ನೋ ಪದ ಗಮನಿಸಿ. ಇವರಲ್ಲಿ ರಕ್ತಪರೀಕ್ಷೆ ಆದದ್ದು ತೀರಾ ಕೆಲವರಿಗೆ. ಉಳಿದವರಲ್ಲಿ ಯಾರಿಗೆ ಚಿಕುನ್‌ಗುನ್ಯಾ, ಯಾರಿಗೆ ಡೆಂಗಿ, ಯಾರಿಗೆ ಎರಡೂ? ಹೌದು, ಎರಡೂ! ಈಡಿಸ್ ಈಜಿಪ್ಟೈ ಅನ್ನೋ ಒಂದೇ ಸೊಳ್ಳೆ ಎರಡು ವೈರಸ್ಸನ್ನೂ ಹೊರುತ್ತೆ. 1963ರಲ್ಲಿ ಕಲ್ಕತ್ತಾದಲ್ಲಿ ಎರಡೂ ಜ್ವರ ಒಟ್ಟಿಗೇ ಹಬ್ಬಿದ್ದವು. ಮರುವರ್ಷ ನಮ್ಮ ಪಕ್ಕದ ವೆಲ್ಲೂರಿನಲ್ಲಿ ಒಬ್ಬನೇ ರೋಗಿಯಲ್ಲಿ ಡೆಂಗಿ, ಚಿಕುನ್‌ಗುನ್ಯಾ ಎರಡೂ ಸಿಕ್ಕವು. ಮೈಯರ್ಸ್ ಮತ್ತು ಕೇರಿ ಅನ್ನೋ ಇಬ್ಬರು ಇದನ್ನ 1967ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. 2006ರಲ್ಲಿ ದೆಹಲಿಯ ಡೆಂಗಿ ಹಾವಳಿಯಲ್ಲಿ 69 ಮಾದರಿ ಪರೀಕ್ಷಿಸಿದಾಗ 17ರಲ್ಲಿ ಚಿಕುನ್‌ಗುನ್ಯಾ, 6ರಲ್ಲಿ ಎರಡೂ ವೈರಸ್. ಹುಡುಕಿದವರಿಗೆ ಸಿಕ್ಕಿದೆ. ಹುಡುಕದ ಕಡೆ ದಾಖಲೆಯಲ್ಲಿ ಒಂದೇ ಹೆಸರು.

ಎರಡಿದ್ದರೇನು, ಒಂದಿದ್ದರೇನು, ಎರಡಕ್ಕೂ ಔಷಧಿ ಇಲ್ವಲ್ಲ ಅಂತೀರಾ? ವ್ಯತ್ಯಾಸ ನೋವಿನ ಮಾತ್ರೆಯಲ್ಲಿದೆ. ಕೀಲುನೋವು ತಡೆಯಲಾರದೆ ಜನ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗ್ತಾರೆ. ಮೈಯೊಳಗೆ ಡೆಂಗಿಯೂ ಅಡಗಿದ್ದರೆ ಅದೇ ಮಾತ್ರೆ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತೆ. ಅದಕ್ಕೇ ಡೆಂಗಿ ಇಲ್ಲ ಅಂತ ಖಚಿತವಾಗೋವರೆಗೆ ಪ್ಯಾರಾಸಿಟಮಾಲ್ ಮಾತ್ರ ಅನ್ನೋದು ವೈದ್ಯರ ನಿಯಮ. ಚಿಕುನ್‌ಗುನ್ಯಾ ಪಾಸಿಟಿವ್ ಅಂತ ಚೀಟಿ ಬಂತು ಅಂದ ಮಾತ್ರಕ್ಕೆ ಡೆಂಗಿ ಇಲ್ಲ ಅಂತ ಅಲ್ಲ.

ಈಗ 2024ಕ್ಕೆ ಬನ್ನಿ. ರಾಜ್ಯದಲ್ಲಿ ಡೆಂಗಿ ಪ್ರಕರಣ 24 ಸಾವಿರ ದಾಟಿದ ಮೇಲೆ ಸೆಪ್ಟೆಂಬರ್‌ನಲ್ಲಿ ಸರ್ಕಾರ ಅದನ್ನ ಸಾಂಕ್ರಾಮಿಕ ರೋಗ ಅಂತ ಘೋಷಿಸಿತು. ಮನೆಯಲ್ಲಿ ಸೊಳ್ಳೆ ಹುಟ್ಟಲು ಬಿಟ್ಟರೆ ದಂಡ: ಪಟ್ಟಣದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200. ಸರಿ, ನಿಯಮ ಬೇಕು. ಆದ್ರೆ ಲೆಕ್ಕ ಹಾಕಿ ನೋಡಿ. ಈ ಸೊಳ್ಳೆ ಕೊಳಚೆಯಲ್ಲಿ ಹುಟ್ಟೋದಲ್ಲ, ನಾವು ಹಿಡಿದಿಟ್ಟ ಶುದ್ಧ ನೀರಲ್ಲಿ ಹುಟ್ಟೋದು. ಮೊಟ್ಟೆ ಸೊಳ್ಳೆಯಾಗೋಕೆ ಬೇಕಾದದ್ದು ಒಂದು ವಾರ, ಹತ್ತು ದಿನ. ನಮ್ಮ ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ನಲ್ಲಿ ನೀರು ಬರೋದೂ ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ! ಬ್ಯಾರೆಲ್ ತುಂಬಿಸದೆ ಆ ತಾಯಿ ಏನು ಮಾಡಬೇಕು? ವಾರಕ್ಕೊಮ್ಮೆ ಡ್ರಮ್ಮು ಖಾಲಿ ಮಾಡಿ, ಉಜ್ಜಿ ಒಣಗಿಸಿ ಅಂತ ಆರೋಗ್ಯ ಇಲಾಖೆ ಹೇಳುತ್ತೆ. ಚೆಲ್ಲಿದ ಮೇಲೆ ಕುಡಿಯೋಕೆ ಏನಿದೆ ಅಂತ ಆಕೆ ಕೇಳ್ತಾಳೆ. ಇಬ್ಬರ ಮಾತೂ ನಿಜ.

ಡ್ರಮ್ಮಿನ ಬಾಯಿಗೆ ಬಟ್ಟೆ ಕಟ್ಟಿ, ಒಳಗೋಡೆ ಉಜ್ಜಿ. ಆ ಮೊಟ್ಟೆ ನೀರಿಲ್ಲದೆಯೂ ತಿಂಗಳುಗಟ್ಟಲೆ ಅಂಟಿಕೊಂಡು ಕಾಯುತ್ತೆ. ಜ್ವರ ಬಂದರೆ ಎರಡೂ ಪರೀಕ್ಷೆ ಮಾಡಿಸಿ ಅಂತ ವೈದ್ಯರನ್ನ ಕೇಳಿ. ಇಷ್ಟು ನಮ್ಮ ಕೈಯಲ್ಲಿದೆ. ನೀರು ಬಿಡೋದು ಯಾರ ಕೈಯಲ್ಲಿದೆ? ಡ್ರಮ್ಮು ಇಟ್ಟವರಿಗೆ 400 ರೂಪಾಯಿ ದಂಡ ಆದ್ರೆ, ಡ್ರಮ್ಮು ಇಡೋ ಹಾಗೆ ಮಾಡಿದವರಿಗೆ ಎಷ್ಟು?