ಜೋಳವಾಳಿಯಿಂದ ಎನ್‌ಒಸಿಯವರೆಗೆ: ಮುನಿದ ಆಟಗಾರನನ್ನು ತಂಡ ಬಿಟ್ಟುಕೊಡಬೇಕೇ?

ಶೀರ್ಷಿಕೆ ನೋಡಿ, ಇದು ಕ್ರೀಡಾ ಪುಟದ ವಿಷಯ, ಕನ್ನಡ ವಿಭಾಗದ ಸೆಮಿನಾರಿಗೆ ಹೇಗೆ ಬಂತು ಅಂತ ಕೆಲವರಿಗೆ ಅನ್ನಿಸಿರಬಹುದು. ತಂಡದ ಅತ್ಯುತ್ತಮ ಆಟಗಾರ ಮುನಿಸಿಕೊಂಡಿದ್ದಾನೆ. ಅವನನ್ನು ಸಮಾಧಾನ ಮಾಡಿ ಇಟ್ಟುಕೊಳ್ಳಬೇಕೋ, ಬೇರೆ ತಂಡಕ್ಕೆ ಕೊಟ್ಟುಬಿಡಬೇಕೋ? ಇವತ್ತು ಈ ಪ್ರಶ್ನೆಯನ್ನು ಕೋಚ್‌ಗಳು ಕೇಳುತ್ತಾರೆ. ಒಂದು ಸಾವಿರ ವರ್ಷದ ಹಿಂದೆ ಇದನ್ನೇ ಅರಸರು, ದಂಡನಾಯಕರು, ಕವಿಗಳು ಬೇರೆ ಮಾತಿನಲ್ಲಿ ಕೇಳಿಕೊಂಡಿದ್ದರು. ಅವರು ಬಿಟ್ಟುಹೋದ ಪದಗಳು ನಮ್ಮ ಶಾಸನಗಳಲ್ಲಿವೆ, ಕಾವ್ಯಗಳಲ್ಲಿವೆ. ಹಾಗಾಗಿ ಇದು ನಮ್ಮ ವಿಭಾಗದ ವಿಷಯವೇ.

ಮೊದಲು ಆಟದ ಕಡೆಯಿಂದ ಒಂದೆರಡು ಮಾತು. ಅಮೆರಿಕದವರ ಫುಟ್‌ಬಾಲಿನಲ್ಲಿ ರನ್ನಿಂಗ್ ಬ್ಯಾಕ್ ಅಂತ ಒಬ್ಬ ಇರುತ್ತಾನೆ. ಚೆಂಡನ್ನು ಎದೆಗೆ ಒತ್ತಿಕೊಂಡು ಎದುರಾಳಿಗಳ ಗೋಡೆಯೊಳಗೆ ನುಗ್ಗುವುದು ಅವನ ಕೆಲಸ. ನಮ್ಮಲ್ಲಿ ಅವನಿಗೆ ಹತ್ತಿರದವನು ಕಬಡ್ಡಿಯ ರೈಡರ್. ಇಬ್ಬರೂ ಪ್ರತಿ ಸಲ ಮೈಮೇಲೆ ನಾಲ್ಕೈದು ಜನರನ್ನು ಎಳೆದುಕೊಳ್ಳುವವರು, ಅದಕ್ಕೇ ಇಬ್ಬರ ಒಳ್ಳೆಯ ವರ್ಷಗಳೂ ಬಹಳ ಕಡಿಮೆ. ಲಾಸ್ ಏಂಜಲೀಸ್ ರ್‍ಯಾಮ್ಸ್ ತಂಡದ ಎರಿಕ್ ಡಿಕರ್ಸನ್ ಸಂಬಳದ ವಿಚಾರಕ್ಕೆ ಮುನಿಸಿಕೊಂಡಾಗ ತಂಡ ಅವನನ್ನು 1987ರ ಅಕ್ಟೋಬರ್‌ನಲ್ಲಿ ಇಂಡಿಯಾನಾಪೊಲಿಸ್‌ಗೆ ಕೊಟ್ಟುಬಿಟ್ಟಿತು. ಮರುವರ್ಷ ಇಡೀ ಲೀಗಿನಲ್ಲಿ ಹೆಚ್ಚು ದೂರ ಓಡಿದವನು ಅವನೇ. 2018ರಲ್ಲಿ ಪಿಟ್ಸ್‌ಬರ್ಗ್ ತಂಡ ಲೆವಿಯನ್ ಬೆಲ್‌ನನ್ನು ಬಿಡಲೂ ಇಲ್ಲ, ಅವನು ಕೇಳಿದ ಒಪ್ಪಂದ ಕೊಡಲೂ ಇಲ್ಲ. ಅವನು ಇಡೀ ಸೀಸನ್ ಮನೆಯಲ್ಲೇ ಕೂತ. ಇಬ್ಬರಿಗೂ ನಷ್ಟ. ಈ ಎರಡನೆಯ ಪ್ರಕರಣ ಓದುವಾಗ ನನಗೆ ಪದೇ ಪದೇ ನೆನಪಾದವನು ಕರ್ಣ. ಅವನ ಹತ್ತಿರ ಆಮೇಲೆ ಬರುತ್ತೇನೆ.

ಶಾಸನಗಳಲ್ಲಿ ಜೋಳವಾಳಿ, ವೇಳೆವಾಳಿ, ಲೆಂಕವಾಳಿ ಅನ್ನುವ ಪದಗಳು ಬರುತ್ತವೆ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಓದಿದವರಿಗೆ ಇವು ಹೊಸವಲ್ಲ. ವೇಳೆವಾಳಿ ಅಂದರೆ ಒಡೆಯನಿಗಾಗಿ, ಹೊತ್ತು ಬಂದಾಗ ಪ್ರಾಣ ಕೊಡುತ್ತೇನೆಂಬ ಭಾಷೆ. ಜೋಳವಾಳಿ ಅಂದರೆ ಉಂಡ ಜೋಳದ ಋಣ. ಪಸ್ತಾಪುರದಲ್ಲಿ ಕೂತು ಜೋಳದ ಅರ್ಥ ವಿವರಿಸಬೇಕಾಗಿಲ್ಲ ಬಿಡಿ. ಆದರೆ ಇಲ್ಲಿನ ಇನ್ನೊಂದು ಋಣವನ್ನು ಪಕ್ಕದಲ್ಲಿಟ್ಟು ನೋಡಬೇಕು. ಇಲ್ಲಿನ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘದ ಹೆಣ್ಣುಮಕ್ಕಳು ನಡೆಸುವ ಬೀಜ ಬ್ಯಾಂಕಿನಲ್ಲಿ ಬಿತ್ತನೆಗೆ ಬೀಜ ತಗೊಂಡವರು ಸುಗ್ಗಿಯಾದ ಮೇಲೆ ತಗೊಂಡದ್ದಕ್ಕಿಂತ ಹೆಚ್ಚು ಹಿಂದಿರುಗಿಸುತ್ತಾರೆ. ಅಲ್ಲಿಗೆ ಲೆಕ್ಕ ಮುಗೀತು. ಮುಂದಿನ ವರ್ಷ ಬೇಕಾದರೆ ಹೊಸ ಲೆಕ್ಕ. ಜೋಳವಾಳಿಯಲ್ಲಿ ಲೆಕ್ಕ ಮುಗಿಯುವುದೇ ಇಲ್ಲ, ತಲೆ ಕೊಟ್ಟಾಗ ಮಾತ್ರ ಮುಗಿಯುತ್ತದೆ. ಎರಡೂ ಜೋಳದ ಸಾಲವೇ, ಒಂದಕ್ಕೆ ಅವಧಿ ಇದೆ, ಇನ್ನೊಂದಕ್ಕೆ ಇಲ್ಲ. ಇವತ್ತಿನ ಆಟಗಾರನ ಕಾಂಟ್ರಾಕ್ಟ್ ಮೊದಲನೆಯದರ ಹಾಗೆ ಬರೆದಿರುತ್ತದೆ. ಅವನು ಬಿಟ್ಟುಹೋಗುತ್ತೇನೆ ಅಂದಾಗ ನಾವು ಬೈಯುವುದು ಮಾತ್ರ ಎರಡನೆಯದರ ಭಾಷೆಯಲ್ಲಿ: ‘ಉಂಡ ಮನೆಗೆ ಎರಡು ಬಗೆದ’ ಅಂತ.

ಅವಧಿ ಇಲ್ಲದ ಋಣ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನುವುದಕ್ಕೆ ಹಳೇಬೀಡಿನ ಗರುಡಗಂಬ ಸಾಕ್ಷಿ. 1220ರ ಹೊತ್ತಿಗೆ ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ದಂಡನಾಯಕ ಕುವರ ಲಕ್ಷ್ಮ ತನ್ನ ಹೆಂಡತಿ ಸುಗ್ಗಲದೇವಿ ಮತ್ತು ಗರುಡರೊಂದಿಗೆ ಪ್ರಾಣ ಕೊಟ್ಟ. ಇದನ್ನು ನಾವು ಸ್ವಾಮಿಭಕ್ತಿ ಅಂತ ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡಿದ್ದೇವೆ. ಆ ಗರುಡರಲ್ಲಿ ಒಬ್ಬನಿಗಾದರೂ ‘ನನಗೆ ಇಷ್ಟ ಇಲ್ಲ’ ಅನ್ನುವ ಅವಕಾಶ ಇತ್ತಾ ಅಂತ ಕಂಬ ಹೇಳುವುದಿಲ್ಲ.

ಒಡೆಯನ ಕಡೆಯ ಕರ್ತವ್ಯವನ್ನು ಹೇಳುವ ಕಲ್ಲೂ ಒಂದಿದೆ, ಅದು ನನಗೆ ಹೆಚ್ಚು ಇಷ್ಟ. ಮದ್ದೂರು ತಾಲ್ಲೂಕಿನ ಆತಕೂರಿನದು, ಕ್ರಿ.ಶ. 949-50ರದು, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲಂ ಯುದ್ಧದಲ್ಲಿ ಚೋಳರ ವಿರುದ್ಧ ಕಾದಿದ ಮಣಲೇರನಿಗೆ ಗಂಗ ದೊರೆ ಬೂತುಗ ‘ಏನು ಬೇಕೋ ಕೇಳು’ ಅನ್ನುತ್ತಾನೆ. ಮಣಲೇರ ಊರು ಕೇಳಲಿಲ್ಲ, ಪದವಿ ಕೇಳಲಿಲ್ಲ. ಕಾಳಿ ಅನ್ನುವ ಬೇಟೆನಾಯಿಯನ್ನು ಕೇಳಿದ. ಮುಂದೆ ಆ ನಾಯಿ ಹಂದಿಯೊಂದರ ಜೊತೆ ಹೋರಾಡಿ ಸತ್ತಾಗ ಅದಕ್ಕೂ ಕಲ್ಲು ನಿಲ್ಲಿಸಿದ. ಆಟಗಾರನಿಗೆ ಏನು ಬೇಕು ಅಂತ ಹೊರಗಿನಿಂದ ಊಹಿಸಲು ಬರುವುದಿಲ್ಲ, ಕೇಳಲೇಬೇಕು. ಬೂತುಗ ಕೇಳಿದ. ಮುನಿಸಿನ ಎಷ್ಟೋ ಪ್ರಕರಣಗಳಲ್ಲಿ ಈ ಒಂದು ಪ್ರಶ್ನೆಯನ್ನೇ ಯಾರೂ ಕೇಳಿರುವುದಿಲ್ಲ.

ಈಗ ಕರ್ಣ. ಪಂಪನ ‘ವಿಕ್ರಮಾರ್ಜುನ ವಿಜಯ’ 941ರ ಸುಮಾರಿನದು. ಅವನ ಆಶ್ರಯದಾತ ಅರಿಕೇಸರಿಯ ವೇಮುಲವಾಡ ಈಗ ತೆಲಂಗಾಣದಲ್ಲಿದೆ. ಪಂಪನ ತಮ್ಮ ಜಿನವಲ್ಲಭ ಬರೆಸಿದ ಶಾಸನ ಇರುವ ಕುರಿಕ್ಯಾಲವೂ ಇದೇ ರಾಜ್ಯದ್ದು. ಅರಿಕೇಸರಿಯ ಜೋಳ ಉಂಡ ಪಂಪ ಅವನನ್ನು ಅರ್ಜುನನ ಜಾಗದಲ್ಲಿ ನಿಲ್ಲಿಸಿ ಕಾವ್ಯ ಬರೆದ. ಆದರೆ ಕರ್ಣನ ಮರಣದ ಹತ್ತಿರ ಬಂದಾಗ ಕವಿಯ ಮನಸ್ಸು ಪೂರ್ತಿ ಕರ್ಣನ ಕಡೆಗೆ ವಾಲುತ್ತದೆ. ತಂಡ ಒಂದು, ಮನಸ್ಸು ಇನ್ನೊಂದು. ಪಂಪನದೂ ಒಂದು ತರಹದ ಮುನಿಸೇ ಇರಬಹುದಾ ಅಂತ ನನಗೆ ಅನುಮಾನ. ಅದು ಬೇರೆಯೇ ಪ್ರಬಂಧ.

ಘಟನೆಗಳ ಕ್ರಮ ಗಮನಿಸಿ. ಮೊದಲು ಕೃಷ್ಣ ಬಂದು ಕರ್ಣನಿಗೆ ಜನ್ಮರಹಸ್ಯ ಹೇಳಿ ಪಾಂಡವರ ಕಡೆಗೆ ಕರೆಯುತ್ತಾನೆ. ಆಧುನಿಕ ಭಾಷೆಯಲ್ಲಿ ಹೇಳಬೇಕೆಂದರೆ, ಎದುರು ತಂಡದಿಂದ ಬಂದ ಅತಿ ದೊಡ್ಡ ಆಫರ್, ಕ್ಯಾಪ್ಟನ್ಸಿ ಸಮೇತ. ದುರ್ಯೋಧನನ ಋಣ ದೊಡ್ಡದು ಅಂತ ಕರ್ಣ ಅದನ್ನು ಬಿಡುತ್ತಾನೆ. ಇಷ್ಟಾದ ಮೇಲೆ ಕೌರವರ ಪಾಳೆಯದಲ್ಲಿ ಭೀಷ್ಮನಿಗೆ ಸೇನಾಪತಿ ಪಟ್ಟ ಕಟ್ಟುವಾಗ ಜಗಳ ಆಗುತ್ತದೆ. ಕರ್ಣ ಮುದುಕನ ಬಗ್ಗೆ ಹಗುರವಾಗಿ ಮಾತಾಡುತ್ತಾನೆ, ಹಿರಿಯರು ಅವನ ಕುಲ ಎತ್ತುತ್ತಾರೆ. ಭೀಷ್ಮ ಇರುವವರೆಗೂ ಆಯುಧ ಹಿಡಿಯುವುದಿಲ್ಲ ಅಂತ ಕರ್ಣ ಕೂತುಬಿಡುತ್ತಾನೆ. ಹದಿನೆಂಟು ದಿನದ ಯುದ್ಧದಲ್ಲಿ ಮೊದಲ ಹತ್ತು ದಿನ ಕೌರವರ ಅತಿ ಬಲಿಷ್ಠ ಬಿಲ್ಲಾಳು ಡೇರೆಯಲ್ಲಿ. ಹದಿನೇಳನೆಯ ದಿನ ಅವನು ಸಾಯುತ್ತಾನೆ. ಅಂದರೆ ಅವನು ಕಾದಿದ್ದು ಏಳೇ ದಿನ.

ಇಲ್ಲಿ ತಪ್ಪು ಯಾರದು? ಕರ್ಣನ ಬಾಯಿಯದು ಅಂತ ಹೇಳುವವರಿದ್ದಾರೆ, ಅದೂ ನಿಜವೇ. ಆದರೆ ತಂಡ ಕಟ್ಟಿದವನು ದುರ್ಯೋಧನ. ಅವನ ಮುಂದೆ ಎರಡು ದಾರಿ ಇದ್ದವು: ಹಿರಿಯರ ಬಾಯಿ ಮುಚ್ಚಿಸಿ ಕರ್ಣನ ಮಾನ ಉಳಿಸಬೇಕಿತ್ತು, ಇಲ್ಲಾ ‘ನಿನ್ನ ಋಣ ತೀರಿತು, ಹೋಗು’ ಅನ್ನಬೇಕಿತ್ತು. ಅವನು ಮೂರನೆಯದನ್ನು ಮಾಡಿದ. ಇಟ್ಟುಕೊಂಡ, ಆಡಿಸಲಿಲ್ಲ. ನನ್ನ ಪ್ರಕಾರ ‘ಬಿಡಬೇಕೋ ಇಡಬೇಕೋ’ ಅನ್ನುವ ಪ್ರಶ್ನೆಯಲ್ಲೇ ಈ ಮೂರನೆಯದು ಮರೆಯಾಗಿಬಿಡುತ್ತದೆ. ತಂಡಗಳು ಹೆಚ್ಚಾಗಿ ಮಾಡುವುದು ಅದನ್ನೇ.

ಶಲ್ಯನದು ಇನ್ನೊಂದು ಬಗೆ. ಪಾಂಡವರ ಕಡೆ ಹೊರಟಿದ್ದ ಮಾವನನ್ನು ದಾರಿಯಲ್ಲಿ ಊಟ ಹಾಕಿಸಿಯೇ ದುರ್ಯೋಧನ ತನ್ನ ಕಡೆ ಸೆಳೆದುಕೊಂಡ. ಜೋಳವಾಳಿಯನ್ನು ಬಲೆಯಾಗಿ ಬೀಸಿದ್ದು ಅಂದರೆ ಇದೇ. ಆಮೇಲೆ ಆ ಮನಸ್ಸಿಲ್ಲದ ಮನುಷ್ಯನನ್ನೇ ಕರ್ಣನ ಸಾರಥಿ ಮಾಡಿದರು. ಅವನು ದಾರಿಯುದ್ದಕ್ಕೂ ಕರ್ಣನನ್ನು ಹಂಗಿಸಿದ, ಕುಮಾರವ್ಯಾಸನಲ್ಲಂತೂ ನಡುಯುದ್ಧದಲ್ಲಿ ರಥ ಬಿಟ್ಟು ಇಳಿದೇ ಹೋದ. ಇದಕ್ಕೆ ಪೂರ್ತಿ ವಿರುದ್ಧ ಯುಯುತ್ಸು. ಯುದ್ಧಕ್ಕೆ ಮೊದಲು ಧರ್ಮರಾಯ ‘ಈ ಕಡೆ ಬರುವವರು ಬರಬಹುದು’ ಅಂತ ಕರೆದಾಗ ಧೃತರಾಷ್ಟ್ರನ ಈ ಮಗ ಎಲ್ಲರ ಎದುರೇ ನಡೆದು ಹೋದ. ಬೆನ್ನಿಗೆ ಯಾರೂ ಬಾಣ ಬಿಡಲಿಲ್ಲ. ನಮ್ಮ ಪರಂಪರೆಯಲ್ಲಿ ಎನ್‌ಒಸಿ ಇರಲಿಲ್ಲ ಅನ್ನುವವರು ಈ ಪ್ರಸಂಗವನ್ನು ಇನ್ನೊಮ್ಮೆ ಓದಬೇಕು.

ಎನ್‌ಒಸಿ ಅಂದೆ. ದೇಶಿ ಕ್ರಿಕೆಟ್‌ನಲ್ಲಿ ಆಟಗಾರ ಬೇರೆ ರಾಜ್ಯಕ್ಕೆ ಆಡಬೇಕಾದರೆ ತನ್ನ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಕರುಣ್ ನಾಯರ್ ಪ್ರಕರಣ ಇಲ್ಲಿ ಮುಖ್ಯ. 2015ರ ರಣಜಿ ಫೈನಲ್‌ನಲ್ಲಿ ತಮಿಳುನಾಡಿನ ವಿರುದ್ಧ 328 ರನ್ ಹೊಡೆದು ಕರ್ನಾಟಕಕ್ಕೆ ಸತತ ಎರಡನೆಯ ಪ್ರಶಸ್ತಿ ತಂದುಕೊಟ್ಟವರು. 2016ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303. ಮುಂದಿನ ಟೆಸ್ಟ್ ನಡೆದದ್ದು ಹೈದರಾಬಾದ್‌ನಲ್ಲಿ, ಅದರಲ್ಲಿ ಅವರಿಗೆ ಜಾಗ ಇರಲಿಲ್ಲ. 2018ರಲ್ಲಿ ಇಂಗ್ಲೆಂಡ್ ಪ್ರವಾಸದಲ್ಲಿ ತಂಡದ ಜೊತೆಗೇ ಇದ್ದರು. ಕೊನೆಯ ಟೆಸ್ಟ್‌ಗೆ ಆಡಿಸಿದ್ದು ಆಮೇಲೆ ಕರೆಸಿದ ಹನುಮ ವಿಹಾರಿಯನ್ನು. ಡೇರೆಯಲ್ಲಿ ಕೂತವನನ್ನು ಕೂರಿಸಿಯೇ ಇಟ್ಟರು ಅನ್ನಿ. 2022ರಲ್ಲಿ ಕರ್ನಾಟಕ ತಂಡದಿಂದಲೂ ಹೊರಗೆ. ಆ ಡಿಸೆಂಬರ್‌ನಲ್ಲಿ ಅವರು ಕ್ರಿಕೆಟ್‌ನ ಹತ್ತಿರವೇ ಇನ್ನೊಂದು ಅವಕಾಶ ಬೇಡಿ ಟ್ವೀಟ್ ಮಾಡಿದ್ದು ಎಲ್ಲರಿಗೂ ನೆನಪಿದೆ. ಗಮನಿಸಿ, ಬೇಡಿದ್ದು ಆಟವನ್ನು, ಸಂಸ್ಥೆಯನ್ನಲ್ಲ.

2023ರಲ್ಲಿ ವಿದರ್ಭಕ್ಕೆ ಹೋದರು. 2024-25ರ ವಿಜಯ್ ಹಜಾರೆಯಲ್ಲಿ ಐದು ಶತಕ, 779 ರನ್. ಫೈನಲ್‌ನಲ್ಲಿ ಎದುರಾದದ್ದು ಕರ್ನಾಟಕವೇ, ಗೆದ್ದದ್ದೂ ಕರ್ನಾಟಕವೇ, 36 ರನ್‌ಗಳಿಂದ. ‘ನೋಡಿ, ಅವನಿಲ್ಲದೆಯೂ ಗೆದ್ದೆವು’ ಅಂತ ಸಂತೋಷಪಟ್ಟವರು ಇದ್ದರು. ಒಂದೂವರೆ ತಿಂಗಳಲ್ಲಿ ನಾಗಪುರದ ರಣಜಿ ಫೈನಲ್‌ನಲ್ಲಿ ಕೇರಳದ ವಿರುದ್ಧ 86 ಮತ್ತು 135 ಹೊಡೆದರು, ಪ್ರಶಸ್ತಿ ವಿದರ್ಭಕ್ಕೆ. ಆ ಋತುವಿನ ರಣಜಿಯಲ್ಲಿ ಒಟ್ಟು 863 ರನ್. 2025ರಲ್ಲಿ ಮತ್ತೆ ಭಾರತ ತಂಡ, ಎಂಟು ವರ್ಷದ ಮೇಲೆ. ಅದೇ ವರ್ಷ ಮತ್ತೆ ಕರ್ನಾಟಕಕ್ಕೆ, ಶಿವಮೊಗ್ಗದಲ್ಲಿ ಗೋವಾ ವಿರುದ್ಧ ಅಜೇಯ 174. ಬಿಟ್ಟುಕೊಟ್ಟದ್ದರಿಂದ ಕರ್ನಾಟಕ ಕಳೆದುಕೊಂಡದ್ದು ಎರಡು ಋತು. ಆಡಿಸದೆ ಇಟ್ಟುಕೊಂಡಿದ್ದರೆ ಆಟಗಾರನೇ ಮುಗಿದುಹೋಗುತ್ತಿದ್ದ. 25 ವರ್ಷದಲ್ಲಿ ತ್ರಿಶತಕ ಹೊಡೆದವನು 33ಕ್ಕೆ ಹಿಂದಿರುಗಿದ. ನಡುವಿನ ವರ್ಷಗಳನ್ನು ಯಾವ ಸಂಸ್ಥೆಯೂ ವಾಪಸ್ ಕೊಡುವುದಿಲ್ಲ.

ಹಾಗಂತ ಬಿಟ್ಟುಕೊಟ್ಟರೆ ಎಲ್ಲ ಸರಿಹೋಗುತ್ತದೆ ಅಂತಲ್ಲ. ಪವನ್ ಸೆಹ್ರಾವತ್ 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್‌ಗೆ ಪ್ರೊ ಕಬಡ್ಡಿ ಕಿರೀಟ ತಂದವರು, ಫೈನಲ್ ಒಂದರಲ್ಲೇ 22 ಪಾಯಿಂಟ್. 2022ರ ಹರಾಜಿನಲ್ಲಿ ತಮಿಳ್ ತಲೈವಾಸ್ ಅವರಿಗೆ 2.26 ಕೋಟಿ ಕೊಟ್ಟಿತು, ಮೊದಲ ಪಂದ್ಯದಲ್ಲೇ ಮೊಣಕಾಲು ಹೋಯಿತು. 2023ರಲ್ಲಿ ನಮ್ಮ ಹೈದರಾಬಾದ್‌ನ ತೆಲುಗು ಟೈಟನ್ಸ್ 2.605 ಕೋಟಿ ಕೊಟ್ಟಿತು, ತಂಡ ಕೊನೆಯ ಸ್ಥಾನ. 2025ರಲ್ಲಿ ಮತ್ತೆ ತಲೈವಾಸ್. ಆ ಸಪ್ಟೆಂಬರ್‌ನಲ್ಲಿ ಶಿಸ್ತಿನ ಕಾರಣಕ್ಕೆ ಮನೆಗೆ ಕಳಿಸಿದ್ದೇವೆ ಅಂತ ತಂಡ ಹೇಳಿತು, ಅವರು ಅದನ್ನು ಅಲ್ಲಗಳೆದರು. ಯಾರು ಸರಿ ಅನ್ನುವ ತೀರ್ಪು ಇಲ್ಲಿ ಬೇಕಿಲ್ಲ. ಹರಾಜಿನಲ್ಲಿ ಬೆಲೆ ಕೂಗುತ್ತಾರೆ, ‘ಏನು ಬೇಕೋ ಕೇಳು’ ಅನ್ನುವುದಿಲ್ಲ. ಬೂತುಗನ ಪ್ರಶ್ನೆಗೆ ಆ ಹಾಲ್‌ನಲ್ಲಿ ಜಾಗ ಇಲ್ಲ.

ಕೇಳದೆ ಕೊಟ್ಟುಬಿಡುವುದು ಹೇಗಿರುತ್ತದೆ ಅಂತ ನಮ್ಮ ಭಾಗದವರಿಗೆ ಗೊತ್ತಿರುವ ವಿಷಯ. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯಲ್ಲಿ ಬೀದರ್ ಜಿಲ್ಲೆಯಿಂದ ನಿರ್ಣಾ ಸರ್ಕಲ್ ಬಿಟ್ಟು ಜಹೀರಾಬಾದ್ ತಾಲ್ಲೂಕು, ನ್ಯಾಲ್ಕಲ್ ಸರ್ಕಲ್, ನಾರಾಯಣಖೇಡ ತಾಲ್ಲೂಕು, ಗುಲಬರ್ಗಾ ಜಿಲ್ಲೆಯಿಂದ ತಾಂಡೂರು, ಕೊಡಂಗಲ್ ಆಂಧ್ರಕ್ಕೆ ಹೋದವು. ಮಿಕ್ಕ ಗುಲಬರ್ಗಾ, ಬೀದರ್‌ನ ಒಂದು ಭಾಗ ಮೈಸೂರಿಗೆ. ಕೊಟ್ಟವರು, ತಗೊಂಡವರು ದಿಲ್ಲಿಯ ಮೇಜಿನ ಮೇಲೆ ಲೆಕ್ಕ ಹಾಕಿದರು. ಊರೂರಿಗೆ ಬಂದು ‘ನಿಮ್ಗ ಯಾವ್ ಕಡಿ ಇರಬೇಕಂತ ಅದ?’ ಅಂತ ಮತ ಕೇಳಲಿಲ್ಲ. ಸರ್ಕಲ್ ಸರ್ಕಲ್ ಲೆಕ್ಕದಲ್ಲಿ ಕತ್ತರಿಸಿದ ಆ ಪಟ್ಟಿಯನ್ನು ಓದುವಾಗ ನನಗೆ ತಂಡಗಳ ಟ್ರೇಡ್ ಪಟ್ಟಿಯೇ ನೆನಪಾಗುತ್ತದೆ. ಒಂದೇ ವ್ಯತ್ಯಾಸ, ಆಟಗಾರ ಏಜೆಂಟ್ ಇಟ್ಟುಕೊಳ್ಳಬಹುದು, ಕೂತು ಪ್ರತಿಭಟಿಸಬಹುದು, ಎರಡು ವರ್ಷದ ಮೇಲೆ ಹಿಂದಿರುಗಬಹುದು. ತಾಲ್ಲೂಕಿಗೆ ಅದಾವುದೂ ಇಲ್ಲ. ಅದಕ್ಕೇ ‘ಟ್ರೇಡ್’ ಅನ್ನುವ ಪದ ನನಗೆ ಅಷ್ಟು ಹಿಡಿಸುವುದಿಲ್ಲ. ಅದರೊಳಗೆ ಹೋಗುವವನ ಒಪ್ಪಿಗೆ ಇಲ್ಲ. ಎನ್‌ಒಸಿ ಕೇಳುವವನು ಆಟಗಾರ. ಟ್ರೇಡ್ ಮಾಡುವವನು ಮಾಲೀಕ.

ಚಾಟ್‌ನಲ್ಲಿ ಒಂದು ಆಕ್ಷೇಪ ಬಂದಿದೆ: ಮುನಿದವರನ್ನೆಲ್ಲ ಬಿಡುತ್ತಾ ಹೋದರೆ ತಂಡ ಉಳಿಯುತ್ತದಾ? ಒಳ್ಳೆಯ ಪ್ರಶ್ನೆ. ಮುನಿಸು ಸಂಬಳದ್ದಾದರೆ ಮಾತಾಡಿ ಮುಗಿಸಬಹುದು, ಅದಕ್ಕೆ ಯಾರನ್ನೂ ಕಳಿಸಬೇಕಿಲ್ಲ. ಮುನಿಸು ಮಾನದ್ದಾದರೆ ಅದು ಕರ್ಣನ ಪ್ರಕರಣ, ಬೇಗ ತೀರ್ಮಾನ ಆಗಬೇಕು. ಹನುಮ ವಿಹಾರಿಯನ್ನೇ ನೋಡಿ, 2018ರಲ್ಲಿ ಕರುಣ್ ಜಾಗಕ್ಕೆ ಬಂದವರು. 2024ರ ಫೆಬ್ರವರಿಯಲ್ಲಿ, ನನ್ನನ್ನು ಕ್ಯಾಪ್ಟನ್ ಸ್ಥಾನದಿಂದ ಇಳಿಸಿದ ರೀತಿ ಸರಿಯಲ್ಲ, ಇನ್ನು ಆಂಧ್ರಕ್ಕೆ ಆಡುವುದಿಲ್ಲ ಅಂತ ಅವರೂ ಬಹಿರಂಗವಾಗಿ ಬರೆದರು. ರಾಜ್ಯದಲ್ಲಿ ಸರ್ಕಾರ ಬದಲಾದ ಮೇಲೆ ಮನಸ್ಸು ಬದಲಿಸಿ ಅಲ್ಲೇ ಉಳಿದರು, ಒಂದು ಋತು ಆಡಿದರು. 2025ರಲ್ಲಿ ತ್ರಿಪುರಾಕ್ಕೆ ಹೋದರು. ಒಂದು ಸಲ ಮಾನಕ್ಕೆ ಪೆಟ್ಟು ಬಿದ್ದಮೇಲೆ ಉಳಿಸಿಕೊಂಡದ್ದು ಎಷ್ಟು ದಿನ ಬಾಳಿಕೆ ಬಂತು ಅಂತ ಆಂಧ್ರದವರನ್ನೇ ಕೇಳಬೇಕು. ಬೇರೆ ಪ್ರಶ್ನೆಗಳಿದ್ದರೆ ಮೈಕ್ ಆನ್ ಮಾಡಿ ಕೇಳಬಹುದು.